ಸಾವ್ಕಾರ್ರು ಜಳಕಕ್ಕ ಹೋಗ್ಯಾರ

ಶಹಾಬಾದ್ ಕಲ್ಲಿಗೆ ಪ್ರಚಾರ ಬೇಕು ಅಂತ ಅನ್ನಿಸಿದ್ದು ಈ ಭೂಮಿಯ ಮೇಲೆ ನನಗೊಬ್ಬನಿಗೇ ಇರಬೇಕು. ಮುಂಬೈಯ ಚಾಳುಗಳಿಂದ ಪುಣೆಯ ವಾಡೆಗಳವರೆಗೆ, ಹೈದರಾಬಾದಿನ ಹಳೇ ಮನೆಗಳಿಂದ ನಮ್ಮ ವಾಡಿಯ ಬಚ್ಚಲುಗಳವರೆಗೆ ತಲೆಮಾರುಗಟ್ಟಲೆ ಜನ ಇದರ ಮೇಲೆ ನಡೆದಿದ್ದಾರೆ, ಜಾರಿ ಬಿದ್ದಿದ್ದಾರೆ, ಬಿಸಿಲುಗಾಲದ ಮಧ್ಯಾಹ್ನ ಚಾಪೆಯನ್ನೂ ಹಾಸದೆ ಹೊರಳಾಡಿ ನಿದ್ದೆ ಹೊಡೆದಿದ್ದಾರೆ. ಮರಾಠಿಯವರ ಬಾಯಲ್ಲಂತೂ ‘ಶಹಾಬಾದಿ ಫರ್ಶಿ’ ಎಂಬುದು ಮನೆಮಾತು. ಇಷ್ಟೆಲ್ಲ ಹೆಸರು ಮಾಡಲಿಕ್ಕೆ ಆ ಕಲ್ಲು ಒಂದು ಪೈಸೆಯ ‘ಬೂಸ್ಟ್’ ಮಾಡಿಸಿರಲಿಲ್ಲ. ಅಂಥದ್ದನ್ನು ‘ಫೇಮಸ್’ ಮಾಡಿಕೊಡುತ್ತೇನೆಂದು ನಾನು ಲ್ಯಾಪ್‌ಟಾಪ್ ಹೆಗಲಿಗೇರಿಸಿದೆ.

ಕಾರಣವಿತ್ತು. ವಾಡಿ ಜಂಕ್ಷನ್ನಿನ ಹೊರಗೆ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ಲು, ಶ್ರದ್ಧಾಂಜಲಿ ಕಾರ್ಡು. ಈಗ ಲಗ್ನಪತ್ರಿಕೆ ವಾಟ್ಸಾಪಿನಲ್ಲೇ ಹುಟ್ಟಿ ವಾಟ್ಸಾಪಿನಲ್ಲೇ ಹಂಚಿಹೋಗುತ್ತದೆ. ಮಾಡಿಕೊಡುವವನು ಮದುಮಗನ ತಮ್ಮ, ಪುಕ್ಕಟೆ. ಉಳಿದದ್ದು ಹುಟ್ಟುಹಬ್ಬದ ಫ್ಲೆಕ್ಸು. ಅದರಲ್ಲೂ ಮುಖಂಡರ ಫೋಟೋ ದೊಡ್ಡದಾಯಿತೋ ಸಣ್ಣದಾಯಿತೋ ಎಂಬ ಜಗಳ ಬಗೆಹರಿಯುವಷ್ಟರಲ್ಲಿ ಹುಟ್ಟುಹಬ್ಬ ಮುಗಿದು, ಬಿಲ್ಲು ಕೊಡುವವನು ಪಕ್ಷ ಬದಲಾಯಿಸಿರುತ್ತಾನೆ. ಹೀಗಾಗಿ ತಲೆ ಬೆಳ್ಳಗಾದ ಮೇಲೆ ಆನ್‌ಲೈನಿನಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕಲಿತೆ.

ಗುರುಗಳು ಬೆಂಗಳೂರಿನವರು. ಹಿಂದೆ ಗೋಡೆಗೆ ಗಿಟಾರು, ಮುಂದೆ ಮೈಕು. “ನಿಮ್ಮೂರಿನ ಬಿಸಿನೆಸ್ ಓನರ್ ಹತ್ರ ಹೋಗಿ, ಅವರ ಪೇನ್ ಪಾಯಿಂಟ್ ಹಿಡೀರಿ” ಎಂಬುದು ಅವರ ಮಂತ್ರ. ಉದಾಹರಣೆಗಳೆಲ್ಲ ಹಲ್ಲಿನ ಡಾಕ್ಟರು, ಜಿಮ್ಮು, ಬ್ಯೂಟಿ ಪಾರ್ಲರು. ಬೇಳೆ ಮಿಲ್ಲು, ಫರ್ಸಿ ಪಾಲಿಶ್ ಮಷೀನು ಇರುವ ಊರುಗಳೂ ಕರ್ನಾಟಕದಲ್ಲಿವೆ ಸ್ವಾಮಿ ಎಂದು ಬರೆದು ಕಳಿಸಿದೆ. “ಸೂಪರ್ ಸರ್, ಕೀಪ್ ವಾಚಿಂಗ್” ಎಂದು ಉತ್ತರ ಬಂತು. ನಮ್ಮ ಭಾಗಕ್ಕೆ ಸಿಗುವ ಉತ್ತರವೇ ಇಂಥದ್ದು. 2019ರಲ್ಲಿ ಹೈದರಾಬಾದ್ ಕರ್ನಾಟಕವನ್ನು ಕಲ್ಯಾಣ ಕರ್ನಾಟಕ ಮಾಡಿದರಲ್ಲ, ಅದಕ್ಕಿಂತ ದೊಡ್ಡ ಬ್ರ್ಯಾಂಡಿಂಗ್ ನಾನು ಕಂಡಿಲ್ಲ. ಹೆಸರು ಹೊಸದಾಯಿತು, ಬಿಸಿಲು ಹಳೆಯದೇ ಉಳಿಯಿತು.

ಮಾರ್ಕೆಟ್ ಸರ್ವೆ ಬೇಗ ಮುಗಿಯಿತು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳಿಗೆ ಮುಂಬೈಯ ಏಜೆನ್ಸಿಗಳಿವೆ. ನನ್ನಿಂದ ಅವುಗಳಿಗೆ ಸಂದಾಯವಾಗುವುದು ಕೆಮ್ಮು ಮಾತ್ರ. ಸೇಡಂನ ಬೇಳೆ ಮಿಲ್ಲಿನವರು, “ಕಲಬುರಗಿ ತೊಗರಿಗೆ 2019ರಾಗ ಜಿಐ ಟ್ಯಾಗ್ ಬಂದದ, ಇನ್ನ ನಿಮ್ಮ ಟ್ಯಾಗ್ ಯಾಕ್ ಬೇಕ್ರಿ?” ಎಂದು ಒಂದು ಹಿಡಿ ಬೇಳೆ ಕೈಗೆ ಸುರಿದು ಕಳಿಸಿದರು. ಚಿತ್ತಾಪುರದ ಬಟ್ಟೆ ಅಂಗಡಿಯವರು ಆಗಲೇ ತಮ್ಮ ಮೊಮ್ಮಗಳಿಂದ ರೀಲ್ಸ್ ಮಾಡಿಸಿಬಿಟ್ಟಿದ್ದರು. 2011ರಲ್ಲಿ ವನ್ಯಜೀವಿಧಾಮವಾದ ಚಿಂಚೋಳಿ ಕಾಡಿನ ಕಡೆ, ಚಂದ್ರಂಪಳ್ಳಿ ಜಲಾಶಯದ ದಾರಿಯಲ್ಲಿ ಊಟದ ಹೋಟೆಲಿನವನೊಬ್ಬ ನನ್ನ ಮಾತು ಪೂರ್ತಿ ಕೇಳಿ, “ನೆಟ್‌ವರ್ಕ್ ಇಲ್ಲಂತನೇ ಮಂದಿ ಇಲ್ಲಿಗೆ ಬರ್ತಾರ್ರಿ ಸರ, ಅದನ್ನ ಕೆಡಿಸಬ್ಯಾಡ್ರಿ” ಎಂದು ಕೈಮುಗಿದ.

ಕೊನೆಗೆ ಉಳಿದದ್ದು ಶಹಾಬಾದಿನ ದಾರಿಯ ಒಬ್ಬ ಫರ್ಸಿ ಸಾವ್ಕಾರರು. ಅವರನ್ನು ಗೂಗಲ್ ಮ್ಯಾಪಿನಲ್ಲಿ ಹುಡುಕಿದೆ. ಅವರ ಮಷೀನಿನ ಗುರುತು ಪಕ್ಕದ ಹಳೇ ಗಣಿಯ ನೀರಿನ ನಟ್ಟನಡುವೆ ನೆಟ್ಟಿತ್ತು. ಫೋಟೋ ಒಂದೇ: ಕಲ್ಲಿನ ಅಟ್ಟಿಯ ಮೇಲೆ ನಿಂತ ಆಡು. ಅದಕ್ಕೆ ಯಾರೋ ಐದು ನಕ್ಷತ್ರ ಕೊಟ್ಟು ‘ನೈಸ್’ ಎಂದಿದ್ದರು. ನೈಸ್ ಕಲ್ಲೋ ಆಡೋ ಹೇಳಿರಲಿಲ್ಲ. ನನಗೆ ಸ್ವರ್ಗ ಸಿಕ್ಕಂತಾಯಿತು. ಇದಕ್ಕಿಂತ ದೊಡ್ಡ ಪೇನ್ ಪಾಯಿಂಟ್ ಬೆಂಗಳೂರಿನ ಯಾವ ಹಲ್ಲಿನ ಡಾಕ್ಟರಿಗಿದೆ? ‘ಗೂಗಲ್ ಮೈ ಬಿಸಿನೆಸ್’ ಎಂದು ಸ್ಲೈಡಿನಲ್ಲಿ ಬರೆದೆ. ಅದರ ಹೆಸರು 2021ರಲ್ಲೇ ‘ಗೂಗಲ್ ಬಿಸಿನೆಸ್ ಪ್ರೊಫೈಲ್’ ಆಗಿದೆ ಎಂದು ಮಗಳು ತಿದ್ದಿದಳು. ಅಲ್ಲೂ ಕಲ್ಯಾಣ ಕರ್ನಾಟಕ.

ಎರಡನೇ ಸ್ಲೈಡಿನಲ್ಲಿ ಅಶೋಕ ಚಕ್ರವರ್ತಿಯನ್ನು ಕೂರಿಸಿದೆ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತಲ್ಲ, ಅದು ನನ್ನ ಪ್ರಕಾರ ಜಿಲ್ಲೆಯ ಮೊದಲ ಹೊರಾಂಗಣ ಜಾಹೀರಾತು. ಅದರಲ್ಲಿರುವ ಅವನ 14ನೇ ಶಾಸನ ಹೇಳುವುದೇ ಮಾರ್ಕೆಟಿಂಗ್ ಪಾಠ: ಕೆಲವನ್ನು ಚಿಕ್ಕದಾಗಿ ಬರೆಸಿದ್ದೇನೆ, ಕೆಲವನ್ನು ವಿಸ್ತಾರವಾಗಿ, ಸವಿಯಾದದ್ದನ್ನು ಮತ್ತೆ ಮತ್ತೆ ಹೇಳಿಸಿದ್ದೇನೆ, ಜನ ನಡೆದುಕೊಳ್ಳಲಿ ಎಂದು. ತಪ್ಪಿದ್ದರೆ ಬರೆದವನ ಮೇಲೆ ಹಾಕುವುದನ್ನೂ ಮರೆತಿಲ್ಲ, ಥೇಟ್ ಇಂದಿನ ಗಿರಾಕಿ! ಅದೇ ಕಲ್ಲಿನ 12ನೇ ಶಾಸನ ಮಾತ್ರ ತೊಡಕಿನದು. ತನ್ನ ಪಂಥವನ್ನು ಹೊಗಳಿಕೊಂಡು ಇನ್ನೊಬ್ಬರದನ್ನು ಸುಮ್ಮಸುಮ್ಮನೆ ಹೀಗಳೆಯಬಾರದಂತೆ. ಜಾಹೀರಾತಿನವರು ಇದನ್ನು ಪಾಲಿಸಿದರೆ ಧಂದೆ ಮುಚ್ಚಬೇಕು. ಆದರೂ ರಾಜಾಜ್ಞೆ ಎಂದು, ‘ಮೋರ್ಬಿ ಟೈಲ್ಸಿನ ಏಳು ಅವಗುಣಗಳು’ ಎಂಬ ಸ್ಲೈಡನ್ನು ತೆಗೆದುಹಾಕಿದೆ.

ಇಷ್ಟಾದ ಮೇಲೆ ತಾಲೀಮು.

ನಮ್ಮ ಸೋದರಮಾವ ರೈಲ್ವೆಯಲ್ಲಿ ಟಿಸಿಯಾಗಿದ್ದು ನಿವೃತ್ತರಾದವರು. ಅದಕ್ಕಿಂತ ಮುಖ್ಯವಾಗಿ, ಊರ ಜಾತ್ರೆಯ ನಾಟಕಗಳಲ್ಲಿ ಸಾವ್ಕಾರನ ಪಾರ್ಟು ಮಾಡುತ್ತಿದ್ದವರು. “ತಾಲೀಮ್ ಇಲ್ಲದ ಸ್ಟೇಜ್ ಹತ್ತಬ್ಯಾಡ. ನಾ ಸಾವ್ಕಾರ ಆಗ್ತೀನಿ, ನೀ ಹೊರಗಿಂದ ಬಾ” ಎಂದರು. ಹೊರಗೆ ಹೋಗಿ ಬಾಗಿಲು ಬಡಿದೆ.

“ಯಾರು?” ಒಳಗಿಂದ ಕೀರಲು ದನಿ. ಮಾಮಾ ಆಳಿನ ಪಾರ್ಟನ್ನೂ ತಾವೇ ವಹಿಸಿಕೊಂಡಿದ್ದರು.

“ಸಾವ್ಕಾರ್ರನ ಕಾಣಬೇಕಿತ್ರಿ.”

“ಸಾವ್ಕಾರ್ರು ಜಳಕಕ್ಕ ಹೋಗ್ಯಾರ. ಕಟ್ಟಿ ಮ್ಯಾಲ ಕೂಡು.”

ಕೂತೆ. ಮೇ ತಿಂಗಳು. ಲ್ಯಾಪ್‌ಟಾಪಿನ ಮೇಲೆ ರೊಟ್ಟಿ ಬೇಯಿಸಬಹುದಿತ್ತು. ಎದುರು ಮನೆಯ ಅಜ್ಜಿ ಬಂದು, “ಯಾಕೋ, ನಿಮ್ಮ ಮಾವ ಒಳಗ ಬಿಡವಲ್ಲನೇನು?” ಎಂದಳು. ಇಲ್ಲಬೇ, ಜಳಕ ನಡದದ ಎಂದೆ. ಒಳಗಿಂದ ನಿಜವಾಗಿಯೂ ನೀರು ಸುರಿಯುವ ಸದ್ದು ಬರುತ್ತಿತ್ತು! ನೀರಿನ ಸದ್ದು ನಿಂತು ಗಂಟೆಯ ಸದ್ದು ಶುರುವಾಯಿತು: ಪೂಜೆ. ಅದೂ ಮುಗಿದ ಮೇಲೆ ಬಾಗಿಲು ತೆರೆಯಿತು. ಧೋತರ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಹೊರಸಿನ ಮೇಲೆ ಕೂತ ಮಾಮಾ ನನ್ನ ಕಡೆ ನೋಡಲೇ ಇಲ್ಲ. ಹೈದರಾಬಾದಿನಲ್ಲಿರುವ ಮಗನಿಗೆ ಫೋನು ಹಚ್ಚಿ ಗ್ಯಾಸ್ ಸಿಲಿಂಡರಿನ ಬಗ್ಗೆ ಸವಿಸ್ತಾರವಾಗಿ ಮಾತಾಡಿದರು. ಇದು ಪಾರ್ಟೋ ನಿಜವೋ ತಿಳಿಯದೆ ನಾನು ಕೈಕಟ್ಟಿ ನಿಂತೇ ಇದ್ದೆ.

“ಹ್ಞಾಂ. ಯಾರ ಪೈಕಿ?”

“ಮಾಮಾ, ನಾ ನಿಮ್ಮಕ್ಕನ ಮಗ...”

“ಪಾರ್ಟ್ ಬಿಡಬ್ಯಾಡಲೇ!”

ನಮ್ಮಪ್ಪನ ಹೆಸರು ಹೇಳಿದೆ. ಸಾವ್ಕಾರರು ಕಣ್ಣು ಸಣ್ಣದು ಮಾಡಿದರು. “ಅಂವನ ಮಗನೇನು ನೀ? ನಿಮ್ಮಪ್ಪ ಮನಿ ಕಟ್ಟಸುವಾಗ ನಮ್ಮ ಕಡಿಂದ ಎರಡು ಲಾರಿ ಕಲ್ಲು ಒಯ್ದಿದ್ದ. ಅರ್ಧ ರೊಕ್ಕ ಇನ್ನಾ ಬಂದಿಲ್ಲ.”

ಎಲ್ಲಿಯ ಕಲ್ಲು, ಎಲ್ಲಿಯ ಲಾರಿ! ಆದರೆ ತೀರಿಕೊಂಡ ಅಪ್ಪನ ಮೇಲೆ ಉದ್ರಿ ಹೊರಿಸಿದರೆ ಯಾವ ಮಗ ಸುಮ್ಮನಿರುತ್ತಾನೆ? ನಮ್ಮಪ್ಪ ಯಾರ ಒಂದು ಪೈಸೆ ಇಟ್ಟುಕೊಂಡವನಲ್ಲ ಎಂದೆ. ಕೀರ್ದಿ ಪುಸ್ತಕ ತೋರಿಸಲೇನು ಎಂದರು. ತೋರಿಸ್ರಿ ಎಂದೆ. ಮಾಮಾ ಎದ್ದುಹೋಗಿ ಹಳೇ ರೈಲ್ವೆ ಟೈಮ್‌ಟೇಬಲ್ ತಂದು, ಗುಂತಕಲ್ ಪುಟ ತೆರೆದು, ಕಾಲಂ ಮೇಲೆ ಬೆರಳಿಟ್ಟು, “ನೋಡು, ಇಲ್ಲದ” ಎಂದರು. ಅಡುಗೆಮನೆಯಿಂದ ಅತ್ತೆ, “ಸತ್ತೋರ ಮ್ಯಾಲ ಯಾಕ ಸುಳ್ಳ ಲೆಕ್ಕ ಬರೀತೀರಿ? ಪಾಪ ನಿಮಗ ಲಗ್ನದಾಗ ವಾಚ್ ಕೊಟ್ಟೋರು ಅವರೇ” ಎಂದು ಕೂಗಿದರು. ಸಾವ್ಕಾರರು ಕ್ಷಣ ಕಾಲ ಮಾಮಾ ಆಗಿ ಕೈಯ ವಾಚು ನೋಡಿಕೊಂಡು, ಮತ್ತೆ ಸಾವ್ಕಾರರಾದರು.

“ಇರ್ಲಿ. ಏನ್ ಧಂದಾ ತಗದಿ?”

“ಡಿಜಿಟಲ್ ಮಾರ್ಕೆಟಿಂಗ್‌ರಿ. ನಿಮ್ಮ ಹೆಸರು ಜಗತ್ತಿಗೆಲ್ಲಾ ಗೊತ್ತಾಗೋ ಹಾಂಗ ಮಾಡ್ತೀನ್ರಿ.”

“ಗೊತ್ತಾದ್ರ ಇನ್ಕಮ್ ಟ್ಯಾಕ್ಸಿನವರು ಬರ್ತಾರ, ಗಣಿ ಇಲಾಖೆಯವರು ಬರ್ತಾರ, ಜಾತ್ರಿ ಪಟ್ಟಿ ಎತ್ತೋರು ಬರ್ತಾರ. ಗಿರಾಕಿ ಒಬ್ಬನ್ನ ಬಿಟ್ಟು ಎಲ್ಲಾರೂ ಬರ್ತಾರ.”

ಅಶೋಕನನ್ನು ಮುಂದೆ ಮಾಡಿದೆ. ಶಾಸನದ ಮಹಿಮೆಯನ್ನೂ, ಸನ್ನತಿ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ರಾಜನ ಶಿಲ್ಪಕ್ಕೆ ‘ರಾಯ ಅಸೋಕ’ ಎಂದು ಬ್ರಾಹ್ಮಿಯಲ್ಲಿ ಹೆಸರು ಕೊರೆದಿರುವುದನ್ನೂ ವಿವರಿಸಿದೆ. ಮಾಮಾ ಗಂಭೀರವಾಗಿ ಕೇಳಿಸಿಕೊಂಡರು.

“ಆ ಕಲ್ಲು ಯಾರ ಗಣಿದು?”

“ಗೊತ್ತಿಲ್ರಿ.”

“ರೊಕ್ಕ ಎಣಿಸ್ಯಾನೋ, ಉದ್ರಿ ಹೇಳ್ಯಾನೋ?”

“ಚಕ್ರವರ್ತಿ ಇದ್ದನ್ರಿ...”

“ಹಂಗಾರ ಉದ್ರಿನೇ” ಎಂದು ತೀರ್ಪಿತ್ತು ಅಶೋಕನ ಖಾತೆ ಮುಚ್ಚಿದರು.

ತಿಂಗಳಿಗೆ 5000 ಎಂದೆ. 500 ಎಂದರು. ಸ್ವಂತ ಸೋದರಮಾವನ ಹತ್ತಿರ, ಇಲ್ಲದ ವ್ಯವಹಾರಕ್ಕೆ ನಾನು ಬೆವರು ಒರೆಸಿಕೊಂಡು 3000ಕ್ಕೆ ಇಳಿದಿದ್ದೆ. “ನಾಳಿ ಬಾ” ಎಂದರು. ಅಷ್ಟರಲ್ಲಿ ಅತ್ತೆ ಊಟಕ್ಕೆ ಕರೆದರು. ಜೋಳದ ರೊಟ್ಟಿ, ಪುಂಡಿಪಲ್ಯ. ಎರಡು ರೊಟ್ಟಿ ಮುಗಿಸಿದ ಮೇಲೆ ಮಾಮಾ ಮೆಲ್ಲಗೆ, “ಸಾವ್ಕಾರ್ರ ಮನ್ಯಾಗ ಉಂಡಿ. ಇನ್ನ ರೇಟಿನ ಮಾತು ಎತ್ತಬಾರದು” ಎಂದರು. ಪಾರ್ಟು ಮುಗಿದಿರಲಿಲ್ಲ.

ನಿಜವಾದ ಸಾವ್ಕಾರರು ಜಳಕಕ್ಕೆ ಹೋಗಿರಲಿಲ್ಲ. ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದವರು, “ಬರ್ರಿ ಸರ, ಚಾ ಕುಡೀರಿ” ಎಂದರು. ಯಾರ ಪೈಕಿ ಎಂದೂ ಕೇಳಲಿಲ್ಲ. ಕಲ್ಲು ಕೊಯ್ಯುವ ಮಷೀನಿನ ಸದ್ದಿನಲ್ಲಿ ನನ್ನ ಮಾತು ನನಗೇ ಕೇಳುತ್ತಿರಲಿಲ್ಲ. ಟವೆಲಿನಿಂದ ಮುಖ ಸುತ್ತಿಕೊಂಡು ಕೆಲಸ ಮಾಡುತ್ತಿದ್ದ ಹುಡುಗನ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿದ್ದವು. ಇಪ್ಪತ್ತು ದಾಟಿರಲಿಕ್ಕಿಲ್ಲ. ಕರೆಂಟು ಹೋಯಿತು. ಆ ಮೌನದಲ್ಲಿ ಅವನ ಕೆಮ್ಮು ಕೇಳಿಸಿತು. ರೀಲ್ಸಿಗೆ ಚೆನ್ನಾಗಿರುತ್ತದೆಂದು ಮೊಬೈಲು ಎತ್ತಿದ್ದವನು ಇಳಿಸಿದೆ.

“ಈ ಸಾಲಿನ್ಯಾಗ ಎಲ್ಲಾ ಮಷೀನ್ ನಡೀತಿದ್ವು” ಎಂದರು ಸಾವ್ಕಾರರು, ಬೀಗ ಬಿದ್ದ ಶೆಡ್ಡುಗಳ ಕಡೆ ನೋಡುತ್ತ. “ಟೈಲ್ಸ್ ಬಂತು, ಮುಗೀತು. ಮಂದಿಗ್ಯಾಕ ಅನ್ಬೇಕು, ನನ್ನ ಮಗ ಪುಣೆದಾಗ ಫ್ಲ್ಯಾಟ್ ತಗೊಂಡಾನ. ಅಂವನೂ ಟೈಲ್ಸೇ ಹಾಕ್ಸ್ಯಾನ. ನಮ್ಮ ಕಲ್ಲಿನ ಮ್ಯಾಲ ಆಡಿ ಬೆಳದ ಹುಡುಗ.” ಈ ಪೇನ್ ಪಾಯಿಂಟಿಗೆ ನನ್ನ ಹತ್ತಿರ ಸ್ಲೈಡ್ ಇರಲಿಲ್ಲ.

ಮಾತು ಬದಲಿಸಲು ಮೊಬೈಲು ತೆಗೆದು ವಾಟ್ಸಾಪ್ ಬಿಸಿನೆಸ್ ತೋರಿಸಿದೆ. ಕ್ಯಾಟಲಾಗು ನೋಡಿ ಆಕಳಿಸಿದರು. ಆಮೇಲೆ ಗಿರಾಕಿಗಳಿಗೆ ಹಚ್ಚುವ ಬಣ್ಣದ ಲೇಬಲ್ಲುಗಳು ಬಂದವು: ನ್ಯೂ ಕಸ್ಟಮರ್, ನ್ಯೂ ಆರ್ಡರ್, ಪೆಂಡಿಂಗ್ ಪೇಮೆಂಟ್. ಸಾವ್ಕಾರರು ಕುರ್ಚಿಯ ತುದಿಗೆ ಬಂದರು. “ಏನಂದ್ರಿ? ಬಾಕಿ ಇದ್ದೋರನ್ನೆಲ್ಲಾ ಒಂದೇ ಕಡೆ ಹಾಕಬಹುದೇನು? ಇದನ್ನ ಮೊದಲ ಹೇಳಬಾರದೇನ್ರಿ! ಗಿರಾಕಿ ಕರಕೊಂಡು ಬರೋದು ಬ್ಯಾಡ್ರಿ, ಬಂದು ಹೋದೋರನ್ನ ವಾಪಸ್ ಕರೀರಿ.”

ಹೀಗೆ ನನ್ನ ಕೆಲಸ ನಿಶ್ಚಯವಾಯಿತು. ಬಾಕಿದಾರರಿಗೆ ಕಳಿಸಲು ಒಂದು ಸಂದೇಶ. ‘ಬಾಕಿ’ ಎಂಬ ಪದ ಬರಕೂಡದು, ಮಂದಿ ಸಿಟ್ಟಾಗುತ್ತಾರೆ. ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ‘ಕವಿರಾಜಮಾರ್ಗ’ದಲ್ಲಿ ವಿಧಿಸಿದ ಶ್ರೀವಿಜಯ ಇದ್ದದ್ದು ನೃಪತುಂಗನ ಆಸ್ಥಾನದಲ್ಲಿ, ನೃಪತುಂಗನ ರಾಜಧಾನಿ ಇದ್ದದ್ದು ಇಲ್ಲೇ ಮಳಖೇಡದಲ್ಲಿ. ಆ ಹೆಮ್ಮೆಯನ್ನೆಲ್ಲ ಒಟ್ಟುಮಾಡಿ ಬರೆದೆ: “ಶರಣು. ನಮ್ಮಲ್ಲಿಂದ ಒಯ್ದ ಕಲ್ಲು ತಮ್ಮ ಮನೆಯನ್ನು ತಂಪಾಗಿ ಇಟ್ಟಿದೆ ಎಂದು ನಂಬಿದ್ದೇವೆ. ತಮ್ಮ ನೆನಪು ನಮಗಿದೆ. ನಮ್ಮ ನೆನಪು ತಮಗಿರಲಿ.” ಸಾವ್ಕಾರರು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೊಮ್ಮೆ ಓದಿದರು. ಆಮೇಲೆ ಸಹಜವಾಗಿ, “ನಿಮ್ಮ ಮನಿ ಮ್ಯಾಲಿನ ಅಂತಸ್ತಿಗೆ ಏನ್ ಹಾಕೀರಿ ಸರ?” ಎಂದರು. ಸಿಮೆಂಟು ನೆಲವೇ ಇದೆ ಎಂದೆ. ಎಷ್ಟು ಫೂಟು ಎಂದರು. ರೊಕ್ಕಕ್ಕ ಅವಸರ ಇಲ್ಲ, ನಿಮ್ಮ ಫೀಸು ಅದರಾಗ ಮುರ್ಕೊಂಡ್ರಾತು ಎಂದರು. ನನ್ನ ಫೀಸು ಸುಮಾರು ಎಂಟು ಫೂಟಿಗೆ ಮುಗಿದುಹೋಯಿತು. ಕಲ್ಲು ಬಂದದ್ದು ಮುನ್ನೂರು.

ಒಂದು ಸಂಜೆ ನನ್ನ ಮೊಬೈಲಿಗೆ ಸಂದೇಶ ಬಂತು. ಶರಣು ಎಂದು ಶುರುವಾಗಿ ನೆನಪು ತಮಗಿರಲಿ ಎಂದು ಮುಗಿದಿತ್ತು. ಮರುದಿನ ಮತ್ತೆ ಬಂತು. ಸವಿಯಾದದ್ದನ್ನು ಮತ್ತೆ ಮತ್ತೆ ಹೇಳಬೇಕೆಂಬ ರಾಜನೀತಿಯನ್ನು ಸಾವ್ಕಾರರು ಯಾವ ಸ್ಲೈಡೂ ನೋಡದೆ ಕಲಿತಿದ್ದರು. ಮನೆಯಾಕೆ ಮೊಬೈಲು ಇಸಿದುಕೊಂಡು ಜೋರಾಗಿ ಓದಿದಳು. “ಎಷ್ಟ್ ಚಂದ ಬರದಾರ ನೋಡ್ರಿ, ಪಾಪ, ರೊಕ್ಕ ಅಂತ ಒಂದ್ ಮಾತೂ ಎತ್ತಿಲ್ಲ. ಹಾಲಿನಂವಂದು ಆಮ್ಯಾಲ ಇರ್ಲಿ, ಮೊದಲ ಇವರದು ಕೊಟ್ಟುಬಿಡ್ರಿ” ಎಂದಳು. ಅಲ್ಲೇ 500 ರೂಪಾಯಿ ಫೋನ್‌ಪೇ ಮಾಡಿದೆ. ಲಗ್ನವಾದಾಗಿನಿಂದ ನನ್ನ ಬರವಣಿಗೆಗೆ ಆಕೆಯ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಬರೆದವನು ನಾನೇ ಎಂದು ಇನ್ನೂ ಹೇಳಿಲ್ಲ. ಹೇಳಿದರೆ, 500 ವಾಪಸ್ ಕೇಳ್ರಿ ಅಂದಾಳು.