ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ: ಸುರಂಗ ರಸ್ತೆಗೊಂದು ಬಹಿರಂಗ ಪತ್ರ

ಹೆಬ್ಬಾಳದಲ್ಲಿ ತಲೆಯಿಟ್ಟು, ಸಿಲ್ಕ್ ಬೋರ್ಡಿನತ್ತ ಕಾಲು ಚಾಚಿ, ಬೆಂಗಳೂರಿನ ನೆಲದಡಿಯಲ್ಲಿ ಪವಡಿಸಲಿರುವ ಶ್ರೀಮಾನ್ ಸುರಂಗ ರಸ್ತೆಯವರ ಸನ್ನಿಧಾನಕ್ಕೆ, 500-ಡಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವರ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದದ್ದು ಮಾತಿಗೆ ಮಾತ್ರ. ಬಸ್ಸಿನಲ್ಲಿ ಅಷ್ಟು ಜಾಗವಿಲ್ಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಊಟದ ಚೀಲ ಇರುವುದರಿಂದ ಪತ್ರಕ್ಕೆ ಸಹಿಯೂ ಇರುವುದಿಲ್ಲ. ಉಭಯ ಕುಶಲೋಪರಿ ಸಾಂಪ್ರತ.

ಮೊದಲು ಅರ್ಜಿದಾರರ ಪರಿಚಯ. 500-ಡಿ ಎಂಬುದು ಹೆಬ್ಬಾಳಕ್ಕೂ ಸೆಂಟ್ರಲ್ ಸಿಲ್ಕ್ ಬೋರ್ಡಿಗೂ ನಡುವೆ, ಟಿನ್ ಫ್ಯಾಕ್ಟರಿ, ಮಾರತಹಳ್ಳಿ ಹಾದು ಹೊರವರ್ತುಲ ರಸ್ತೆಯಲ್ಲಿ ಓಡುವ ಬಿಎಂಟಿಸಿ ಬಸ್ಸು. ತಾವು ಮುಂದೆಂದೋ ಒಂದು ದಿನ ಸೇರಿಸಬೇಕೆಂದಿರುವ ಎರಡೂ ತುದಿಗಳನ್ನು ಅದು ವರ್ಷಗಳಿಂದ ಸೇರಿಸುತ್ತ ಬಂದಿದೆ. ಹಾಗೆ ನೋಡಿದರೆ ತಾವೂ ಅದೂ ದಾಯಾದಿಗಳು. ದಾಯಾದಿಗಳ ನಡುವಿನ ಪತ್ರ ಕುಶಲ ಪ್ರಶ್ನೆಯಿಂದ ಶುರುವಾಗಿ ಪಾಲಿನ ವಿಚಾರಕ್ಕೆ ಬಂದೇ ಬರುತ್ತದೆ. ಇದೂ ಹಾಗೆಯೇ.

ತಮ್ಮ ಮೈಯುದ್ದ ಸುಮಾರು 17 ಕಿಲೋಮೀಟರ್, ಅಂದಾಜು ವೆಚ್ಚ ಸುಮಾರು 17,700 ಕೋಟಿ ರೂಪಾಯಿ ಎಂದು ಪತ್ರಿಕೆಗಳು ಬರೆದಿವೆ. ಕಿಲೋಮೀಟರಿಗೆ ಸಾವಿರ ಕೋಟಿಗಿಂತ ಮೇಲೆ. ತಮ್ಮ ಜಾತಕ, ಅಂದರೆ ವಿಸ್ತೃತ ಯೋಜನಾ ವರದಿ, ತಯಾರಾದಾಗ ಅದರಲ್ಲಿ ಮಹಾರಾಷ್ಟ್ರದ ಮಾಲೆಗಾಂವ್, ನಾಸಿಕ್‌ಗಳ ಹೆಸರು ಇಣುಕಿ, ಬರೆದ ಸಲಹೆಗಾರರಿಗೆ ದಂಡ ಬಿದ್ದ ಸುದ್ದಿಯೂ ಬಂತು. ಅರ್ಜಿದಾರರು ಇದನ್ನು ಮನಸ್ಸಿಗೆ ಹಚ್ಚಿಕೊಂಡಿಲ್ಲ. 500-ಡಿ ಕೂಡ ಮಳೆಗಾಲದಲ್ಲಿ ನಾಸಿಕ್‌ಗೆ ಹೋಗಿಬರುವಷ್ಟು ಹೊತ್ತು ತೆಗೆದುಕೊಳ್ಳುವುದುಂಟು.

ತಮ್ಮ ಹೊಟ್ಟೆಯೊಳಗೆ ಯಾರಿಗೆ ಪ್ರವೇಶ ಎಂಬುದು ಇನ್ನೊಂದು ವಿಷಯ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಅವುಗಳಲ್ಲಿ ಮೂರರಲ್ಲಿ ಎರಡು ಪಾಲು ದ್ವಿಚಕ್ರ ವಾಹನ. ಆ ಸ್ಕೂಟರು, ಬೈಕುಗಳಿಗೂ ಆಟೋಗಳಿಗೂ ತಮ್ಮಲ್ಲಿ ದಾರಿಯಿಲ್ಲ ಎಂಬುದು ಯೋಜನೆಯ ಮಾತು. ಉಳಿದವರು ಕಾರಿನವರು, ಅದರಲ್ಲೂ ಟೋಲ್ ಕೊಡಬಲ್ಲ ಕಾರಿನವರು. 2025ರ ಅಕ್ಟೋಬರಿನಲ್ಲಿ ಸಂಸದ ತೇಜಸ್ವಿ ಸೂರ್ಯ ಇದನ್ನೇ ಎತ್ತಿದಾಗ, ಬೆಂಗಳೂರು ಅಭಿವೃದ್ಧಿ ಖಾತೆ ಹೊತ್ತಿದ್ದ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು, ಕಾರಿಲ್ಲದ ಹುಡುಗನಿಗೆ ಈಗ ಹೆಣ್ಣು ಕೊಡುವವರಿಲ್ಲ ಎಂಬರ್ಥದ ಉತ್ತರ ಕೊಟ್ಟರು. 500-ಡಿಯಲ್ಲಿ ನಿಂತ ಅವಿವಾಹಿತರು ಅಂದಿನಿಂದ ತಂತಮ್ಮ ಜಾತಕದಲ್ಲಿ ಕುಜದೋಷ ಹುಡುಕುವುದನ್ನು ಬಿಟ್ಟಿದ್ದಾರೆ. ದೋಷ ಬಸ್ ಪಾಸಿನದು ಎಂದು ಗೊತ್ತಾಗಿದೆ.

ಇನ್ನು ಪಾಲಿನ ವಿಚಾರ.

ಬಿಎಂಟಿಸಿಯ ಹತ್ತಿರ ಇರುವುದು ಸುಮಾರು 7,000 ಬಸ್ಸು. ಅವು ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಪ್ರಯಾಣಗಳನ್ನು ಹೊರುತ್ತವೆ. ಒಂದು ಎಲೆಕ್ಟ್ರಿಕ್ ಬಸ್ಸಿಗೆ ಒಂದೂವರೆ ಕೋಟಿ ಎಂದು ಧಾರಾಳವಾಗಿ ಹಿಡಿದರೂ ತಮ್ಮ ಅಂದಾಜು ವೆಚ್ಚದಲ್ಲಿ 11,800 ಬಸ್ಸು ಬರುತ್ತವೆ. ಈಗಿರುವ ಅಷ್ಟೂ ಬಸ್ಸಿನ ಒಂದೂವರೆ ಪಟ್ಟಿಗಿಂತ ಹೆಚ್ಚು. ತಮ್ಮ ಪರವಾಗಿ ಒಂದು ಮಾತು ಹೇಳಲೇಬೇಕು: ಆ ದುಡ್ಡೆಲ್ಲ ಖಜಾನೆಯದಲ್ಲ, ಖಾಸಗಿಯವರು ಹಾಕಿ ಟೋಲಿನಲ್ಲಿ ವಸೂಲು ಮಾಡಿಕೊಳ್ಳುತ್ತಾರೆ ಎಂಬ ವಾದವಿದೆ. ಆದರೆ ಗುತ್ತಿಗೆದಾರರ ಲೆಕ್ಕ ಕೂಡಿಬರಲು ಸರ್ಕಾರವೂ ಕೈಯಿಂದ ಹಾಕಬೇಕು. ಟೋಲಿನಿಂದ ಹುಟ್ಟದ ದುಡ್ಡನ್ನು ಸರ್ಕಾರ ತುಂಬಿಕೊಡುವುದಕ್ಕೆ ತಮ್ಮ ಮನೆಯಲ್ಲಿ 'ವಯಬಿಲಿಟಿ ಗ್ಯಾಪ್ ಫಂಡ್' ಎಂಬ ಮರ್ಯಾದೆಯ ಬಾಬತ್ತಿದೆ. ಟಿಕೆಟಿನಿಂದ ಹುಟ್ಟದ ದುಡ್ಡನ್ನು ಬಸ್ಸಿಗೆ ತುಂಬಿಕೊಟ್ಟರೆ ಅದೇ ಖಜಾನೆ ಬರಿದಾಯಿತೆಂಬ ಗುಲ್ಲೇಳುತ್ತದೆ.

ಬಿಎಂಟಿಸಿ ನಷ್ಟದಲ್ಲಿದೆ ಎಂಬ ಸುದ್ದಿ ಪ್ರತಿ ಬಜೆಟ್ಟಿನ ಹೊತ್ತಿಗೂ ಬರುತ್ತದೆ. ಹೆಬ್ಬಾಳ ಮೇಲ್ಸೇತುವೆ ನಷ್ಟದಲ್ಲಿದೆ ಎಂದು ಯಾರೂ ಬರೆದದ್ದಿಲ್ಲ. 2017ರಲ್ಲಿ ಶುರುವಾಗಿ 2025ರಲ್ಲೂ ಮುಗಿಯದ ಈಜಿಪುರ ಮೇಲ್ಸೇತುವೆಯ ಲಾಭ-ನಷ್ಟದ ಪಟ್ಟಿಯನ್ನು ಯಾವ ಲೆಕ್ಕಪರಿಶೋಧಕರೂ ಓದಿ ಹೇಳಿಲ್ಲ. ಎರಡೂವರೆ ಕಿಲೋಮೀಟರ್ ಉದ್ದಕ್ಕೆ ಕಂಬಗಳು ನಿಂತು ಅಷ್ಟೂ ವರ್ಷ ಟ್ರಾಫಿಕ್ ನೋಡಿದವು. ಹೊರವರ್ತುಲ ರಸ್ತೆಯಲ್ಲಿ ಒಬ್ಬನೇ ಕೂತು ಹೋಗುವ ಕಾರಿಗೆ ಟಿಕೆಟಿಲ್ಲ, ಕಂಡಕ್ಟರಿಲ್ಲ, ಚಿಲ್ಲರೆ ಕೇಳುವವರಿಲ್ಲ. ಪಕ್ಕದಲ್ಲೇ ಅರವತ್ತು ಜನರನ್ನು ತುಂಬಿಕೊಂಡ ಬಸ್ಸು ಕಿಲೋಮೀಟರಿಗೆ ಎಷ್ಟು ದುಡಿಯಿತು ಎಂಬ ಲೆಕ್ಕವನ್ನು ಸಂಜೆ ಡಿಪೊಗೆ ಒಪ್ಪಿಸಬೇಕು.

ಉಚಿತದ ಮಾತು ಬಂದಿತಲ್ಲ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಡಿ ರಾಜ್ಯದ ಹೆಂಗಸರು ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ದುಡ್ಡಿಲ್ಲದೆ ಓಡಾಡುತ್ತಿದ್ದಾರೆ. 2025ರ ಜುಲೈ 14ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ 500ನೇ ಕೋಟಿಯ ಟಿಕೆಟನ್ನು ತಾವೇ ಹರಿದು ಕೊಟ್ಟರು. ಮನೆಗೆಲಸಕ್ಕೆ, ಗಾರ್ಮೆಂಟ್ಸಿಗೆ, ಆಸ್ಪತ್ರೆಗೆ, ಧರ್ಮಸ್ಥಳಕ್ಕೆ ಹೆಂಗಸರು ಹೊರಟದ್ದನ್ನು ಕಂಡು ಹಲವು ಗಂಡಸರಿಗೆ ರಾಜ್ಯದ ಹಣಕಾಸಿನ ಚಿಂತೆ ಹತ್ತಿತು. ಮೇಲ್ಸೇತುವೆಗಳನ್ನು ಇವರೂ ಉಚಿತವಾಗಿಯೇ ಬಳಸುತ್ತಿದ್ದರು, ಆಗ ಆ ಚಿಂತೆ ಹತ್ತಿರಲಿಲ್ಲ. ನಿಜವಾಗಿ ಚಿಂತಿಸಬೇಕಾದ ಸಂಗತಿ ಬೇರೆ. ಸರ್ಕಾರ ಈ ಟಿಕೆಟುಗಳ ದುಡ್ಡನ್ನು ಸಾರಿಗೆ ನಿಗಮಗಳಿಗೆ ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ಕಟ್ಟದೆ ಬಾಕಿ ಉಳಿಸಿಕೊಂಡಿದೆ. ಜನ ಹೆಚ್ಚಾದರು, ಬಸ್ಸು ಅದಕ್ಕೆ ತಕ್ಕಂತೆ ಹೆಚ್ಚಲಿಲ್ಲ. 2025ರ ಜನವರಿಯಲ್ಲಿ ಟಿಕೆಟ್ ದರ ಶೇ. 15ರಷ್ಟು ಏರಿತು. ಸರ್ಕಾರ ಬಾಕಿ ಇಟ್ಟಿತು. ಕೈಯಿಂದ ದುಡ್ಡು ಕೊಟ್ಟು ಟಿಕೆಟು ಪಡೆಯುವವರಿಗೆ ಬಾಕಿ ಹೇಳುವ ಸೌಲಭ್ಯವಿರಲಿಲ್ಲ.

ಶುದ್ಧ ಗಾಳಿಯ ಕಥೆಯನ್ನೂ ತಾವು ಕೇಳಬೇಕು. ನೆಲದಡಿ ಇರುವವರಿಗೆ ಗಾಳಿಯ ಬೆಲೆ ಚೆನ್ನಾಗಿ ಗೊತ್ತು. 2014ರಲ್ಲಿ ಚೀನಾದ ಬಿವೈಡಿ ಕಂಪನಿಯ ಎಲೆಕ್ಟ್ರಿಕ್ ಬಸ್ಸೊಂದು ಮೆಜೆಸ್ಟಿಕ್ಕಿಗೂ ಕಾಡುಗೋಡಿಗೂ ನಡುವೆ ಪ್ರಾಯೋಗಿಕವಾಗಿ ಓಡಿತು. ದೇಶದಲ್ಲೇ ಮೊದಲು ಎಂದು ಬೆಂಗಳೂರು ಬೀಗಿತು. ಆಮೇಲೆ ಕೇಂದ್ರದ ಫೇಮ್ ಯೋಜನೆಯಲ್ಲಿ ಸಹಾಯಧನ ಬಂದಾಗ, ಬಸ್ಸನ್ನು ಕೊಳ್ಳುವುದೋ ಗುತ್ತಿಗೆಗೆ ಪಡೆಯುವುದೋ ಎಂಬ ಚರ್ಚೆ ಹುಟ್ಟಿತು. ಎರಡೂ ಕಡೆಯವರು ಗಹನವಾಗಿ ವಾದಿಸಿದರು. ಅಷ್ಟರಲ್ಲಿ ಸಹಾಯಧನ ಕೈತಪ್ಪಿತು. ಪ್ರಯೋಗವಲ್ಲದ, ನಿಜವಾದ ಎಲೆಕ್ಟ್ರಿಕ್ ಬಸ್ಸುಗಳು ಬೀದಿಗಿಳಿದದ್ದು 2021ರ ಕೊನೆಗೆ. ಮೊದಲನೆಯವರಾಗಿ ಹೊರಟು ಏಳು ವರ್ಷ ತಡವಾಗಿ ತಲುಪುವುದು 500-ಡಿಯವರಿಗೆ ಹೊಸತೇನಲ್ಲ, ಹಾಗಾಗಿ ಯಾರೂ ಬೇಸರಿಸಲಿಲ್ಲ.

ಈಗ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಐದು ನಗರಗಳಿಗೆ ಹಂಚಿದ 10,900 ಎಲೆಕ್ಟ್ರಿಕ್ ಬಸ್ಸುಗಳಲ್ಲಿ 4,500 ಬೆಂಗಳೂರಿನ ಪಾಲಿಗೆ ಬಂದಿವೆ. ದೆಹಲಿಗೆ 2,800, ಹೈದರಾಬಾದಿಗೆ 2,000. ಕೇಳಲು ಹಿತವಾಗಿದೆ. ಇವುಗಳ ಒಡೆತನ ಕಂಪನಿಯದು, ಚಾಲಕರು ಕಂಪನಿಯವರು, ಕಂಡಕ್ಟರ್ ಬಿಎಂಟಿಸಿಯವರು. ಓಡಿದ ಕಿಲೋಮೀಟರಿಗೆ ಇಷ್ಟು ಎಂದು ನಿಗಮ ದುಡ್ಡು ಕಟ್ಟುತ್ತ ಹೋಗಬೇಕು. ಬಸ್ಸು ತರಿಸುವುದು ಒಂದು ದಿನದ ಹಸಿರು ಬಾವುಟದ ಕೆಲಸ. ಅದನ್ನು ಹತ್ತು-ಹನ್ನೆರಡು ವರ್ಷ ಓಡಿಸುವುದಕ್ಕೆ ತಿಂಗಳು ತಿಂಗಳೂ ದುಡ್ಡು ಬೇಕು, ಡಿಪೊದಲ್ಲಿ ಚಾರ್ಜಿಂಗ್ ಬೇಕು, ಚಾಲಕರಿಗೆ ಸರಿಯಾದ ಸಂಬಳ ಬೇಕು. ಬಾವುಟದ ಬಾಬತ್ತಿನಲ್ಲಿ ನಾಡು ಎಂದೂ ಹಿಂದೆ ಬಿದ್ದಿಲ್ಲ.

ರೈಲಿನ ಕಡೆ ಬಂದರೆ ತಮಗೆ ಸೋದರತ್ತೆಯಷ್ಟು ಹಿರಿಯರೊಬ್ಬರಿದ್ದಾರೆ: ಉಪನಗರ ರೈಲು. 1983ರಲ್ಲೇ ಪ್ರಸ್ತಾವವಾದವರು. 2020ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ 148 ಕಿಲೋಮೀಟರಿಗೆ, 15,767 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಕೇಂದ್ರದ್ದು ಶೇ. 20, ರಾಜ್ಯದ್ದು ಶೇ. 20, ಉಳಿದ ಶೇ. 60 ಸಾಲ. ಗಮನಿಸಬೇಕು: ತಮ್ಮ 17 ಕಿಲೋಮೀಟರಿನ ದುಡ್ಡಿಗಿಂತ ಕಡಿಮೆಯಲ್ಲಿ ದೇವನಹಳ್ಳಿ, ವೈಟ್‌ಫೀಲ್ಡ್, ಕೆಂಗೇರಿ, ಚಿಕ್ಕಬಾಣಾವರ, ಹೀಲಲಿಗೆ, ರಾಜಾನುಕುಂಟೆ ಎಲ್ಲ ಸೇರುವ ಲೆಕ್ಕ ಅದು. 2022ರ ಜೂನ್ 20ರಂದು ಶಂಕುಸ್ಥಾಪನೆ ಮಾಡಿದ ಪ್ರಧಾನಿ ನರೇಂದ್ರ ಮೋದಿ, 40 ವರ್ಷ ಆಗದ್ದನ್ನು 40 ತಿಂಗಳಲ್ಲಿ ಮುಗಿಸುವ ಮಾತು ಕೊಟ್ಟರು. 2025ರ ಅಕ್ಟೋಬರಿಗೆ 40 ತಿಂಗಳು ತುಂಬಿದವು. ಒಂದು ರೈಲೂ ಓಡಿರಲಿಲ್ಲ. ದೊಡ್ಡ ಗುತ್ತಿಗೆದಾರರೊಬ್ಬರು ಕೆಲಸ ಬಿಟ್ಟು ಹೊರಟಿದ್ದರು. ನಾಲ್ಕು ಮಾರ್ಗಗಳಿಗೆ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂಬ ಹೂವಿನ ಹೆಸರುಗಳಂತೂ ಸಿದ್ಧವಾಗಿವೆ. ನಾಮಕರಣದ ಮಟ್ಟಿಗೆ ಯೋಜನೆ ನೂರಕ್ಕೆ ನೂರು ಪೂರ್ಣ.

ಮೆಟ್ರೊ ಆದರೂ ಓಡುತ್ತಿದೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ಹೊರಟದ್ದು ಈಗ ಸುಮಾರು 96 ಕಿಲೋಮೀಟರಿಗೆ ಬೆಳೆದಿದೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗದಲ್ಲಿ ಹಳಿ ಇತ್ತು, ನಿಲ್ದಾಣಗಳಿದ್ದವು, ರೈಲು ಮಾತ್ರ ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ಮೂರೇ ರೈಲಿನಿಂದ, 25 ನಿಮಿಷಕ್ಕೊಂದರಂತೆ ಶುರುವಾದರೂ, ಮೊದಲ ದಿನವೇ ಇಡೀ ಮೆಟ್ರೊ ಜಾಲದ ಪ್ರಯಾಣಿಕರ ಸಂಖ್ಯೆ 10 ಲಕ್ಷ ದಾಟಿತು. ಬೆಂಗಳೂರಿನವರಿಗೆ ಕಾರಿನ ಮೋಹ, ಅವರು ರೈಲು ಹತ್ತುವವರಲ್ಲ ಎಂಬ ವಾದಕ್ಕೆ ಅಂದೇ ತೆರೆ ಬೀಳಬೇಕಿತ್ತು. ಅದಕ್ಕೆ ಆರು ತಿಂಗಳ ಹಿಂದೆ, ಫೆಬ್ರವರಿಯಲ್ಲಿ, ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಗಿತ್ತು. ಕೆಲವು ನಿಲ್ದಾಣಗಳ ನಡುವೆ ದರ ಇಮ್ಮಡಿಯಾಗಿ, ಜನ ಕೂಗಿದ ಮೇಲೆ ಏರಿಕೆ ಶೇ. 71ನ್ನು ಮೀರದಂತೆ ಕಡಿವಾಣ ಬಿತ್ತು. ಶೇ. 71 ಏರಿಕೆಯನ್ನು ರಿಯಾಯಿತಿ ಎಂದು ಸ್ವೀಕರಿಸಿದ ಉದಾರಿಗಳು ಈ ಊರಿನಲ್ಲಿ ಬಹಳ. ಉಳಿದವರು ಸ್ಕೂಟರ್ ಹತ್ತಿದರು.

ಇಷ್ಟಕ್ಕೂ ತಮ್ಮ ದಾರಿ ಬರಿದಾಗಿಲ್ಲ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರ, ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ಮೆಟ್ರೊ ನೀಲಿ ಮಾರ್ಗದ ಕೆಲಸ ನಡೆದಿದೆ. ಜೆ.ಪಿ. ನಗರದಿಂದ ಹೆಬ್ಬಾಳದ ಪಕ್ಕದ ಕೆಂಪಾಪುರಕ್ಕೆ ಹೋಗುವ ಮೂರನೇ ಹಂತಕ್ಕೆ ಕೇಂದ್ರ 2024ರ ಆಗಸ್ಟ್‌ನಲ್ಲಿ ಒಪ್ಪಿದೆ. ಸರ್ಜಾಪುರದಿಂದ ಹೆಬ್ಬಾಳಕ್ಕೆ ಬರುವ ಇನ್ನೊಂದು ಮಾರ್ಗಕ್ಕೆ ರಾಜ್ಯ ಸಂಪುಟ ಅದೇ ವರ್ಷ ತಲೆಯಾಡಿಸಿದೆ. ಇಷ್ಟು ರೈಲುಗಳು ಹೆಬ್ಬಾಳಕ್ಕೆ ಹೊರಟಿರುವಾಗ, ಅವು ಬೇಗ ತಲುಪುವಂತೆ ದುಡ್ಡು ಕೊಡುವುದು ಬಿಟ್ಟು ಕೆಳಗೊಂದು ಕಾರಿನ ಬಿಲ ತೋಡುವುದರ ಜಾಣ್ಮೆ ಅರ್ಜಿದಾರರ ತಲೆಗೆ ಹತ್ತುತ್ತಿಲ್ಲ.

ರಸ್ತೆ ಹಿಗ್ಗಿಸಿದರೆ ದಟ್ಟಣೆ ಕುಗ್ಗುತ್ತದೆ ಎಂಬುದನ್ನು ತಮ್ಮ ಎರಡೂ ತುದಿಗಳಲ್ಲಿ ಆಗಲೇ ಪರೀಕ್ಷಿಸಿದ್ದಾಗಿದೆ. ಹೆಬ್ಬಾಳಕ್ಕೆ 2003ರಲ್ಲಿ ಮೇಲ್ಸೇತುವೆ ಬಂತು; 2025ರಲ್ಲಿ ಅದಕ್ಕೆ ಹೊಸ ಲೂಪ್ ಕಟ್ಟಿದರು. ಸಿಲ್ಕ್ ಬೋರ್ಡಿನಾಚೆ 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿ ಮೇಲ್ಸೇತುವೆ ಬಂತು. 2024ರಲ್ಲಿ ರಾಗಿಗುಡ್ಡದಿಂದ ಡಬಲ್ ಡೆಕರ್ ಮೇಲ್ಸೇತುವೆ ಬಂತು. ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗಲು ಸರಾಸರಿ 34 ನಿಮಿಷ. ಬಸ್ಸಿಗೊಂದು ಪ್ರತ್ಯೇಕ ಪಥವನ್ನು 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ, 500-ಡಿಯ ದಾರಿಯಲ್ಲೇ, ಗೂಟ ನೆಟ್ಟು ಮಾಡಿದ್ದರು. ಮೆಟ್ರೊ ಕಾಮಗಾರಿ ಬಂದಾಗ ಗೂಟ ಹೋಯಿತು, ಪಥವೂ ಹೋಯಿತು, ಕಾರುಗಳು ಹೋಗಲಿಲ್ಲ.

ತಮ್ಮ ಅಣ್ಣನ ಗತಿಯನ್ನೂ ನೆನಪಿಸುವುದು ಧರ್ಮ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ 6.7 ಕಿಲೋಮೀಟರಿನ ಉಕ್ಕಿನ ಸೇತುವೆ ಬರಬೇಕಿತ್ತು. 2016ರ ಅಕ್ಟೋಬರಿನಲ್ಲಿ ಜನ ಕೈಗೆ ಕೈ ಸೇರಿಸಿ ರಸ್ತೆಯುದ್ದಕ್ಕೂ ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. 2025ರಲ್ಲಿ ತಾವು ಲಾಲ್‌ಬಾಗಿನ ಅಂಗಳದಲ್ಲಿ ತಲೆಯೆತ್ತಬೇಕೆಂದಿದ್ದಾಗಲೂ ಜನ ಅಲ್ಲಿ ಸೇರಿದರು. ಸುಮಾರು 300 ಕೋಟಿ ವರ್ಷದ ಅಲ್ಲಿನ ಬಂಡೆ ಎದ್ದು ಮಾತಾಡಲಾರದು ಎಂದು ಅದರ ಪರವಾಗಿ ಅವರೇ ಮಾತಾಡಿದರು. ಬೇರೆ ಜಾಗ ನೋಡೋಣ ಎಂಬ ಮಾತು ಆಮೇಲೆ ಬಂತು.

ಆದ್ದರಿಂದ ಅರ್ಜಿದಾರರ ಬೇಡಿಕೆಗಳು ಇಷ್ಟು: ತಮ್ಮ ಪಾಲಿಗೆ ಎತ್ತಿಟ್ಟ ಸರ್ಕಾರಿ ದುಡ್ಡನ್ನು ಬಸ್ಸು ಮತ್ತು ರೈಲಿಗೆ ಬಿಟ್ಟುಕೊಡಬೇಕು. ಶಕ್ತಿಯ ಬಾಕಿ ಚುಕ್ತಾ ಆಗಬೇಕು. 4,500 ಬಸ್ಸುಗಳನ್ನು ಓಡಿಸುವ ತಿಂಗಳ ಖರ್ಚಿಗೆ ಬಜೆಟ್ಟಿನಲ್ಲಿ ಖಚಿತ ಬಾಬತ್ತು ಇರಬೇಕು. ಹೊರವರ್ತುಲ ರಸ್ತೆಯ ಬಸ್ ಪಥ ಮರಳಿ ಬರಬೇಕು. ಉಪನಗರ ರೈಲಿನ ಪ್ರತಿ ಮಾರ್ಗಕ್ಕೂ ದಿನಾಂಕ ಹೇಳಿ, ತಪ್ಪಿದರೆ ಯಾರು ಹೊಣೆ ಎಂಬುದನ್ನೂ ಹೇಳಬೇಕು. ವಾಹನಗಳನ್ನಲ್ಲ, ಜನರನ್ನು ಸಾಗಿಸಬೇಕೆಂದು ಕೇಂದ್ರದ ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲೇ ಬರೆದಿಟ್ಟಿದೆ. ಇದರಲ್ಲಿ ಅರ್ಜಿದಾರರ ಸ್ವಂತ ಬುದ್ಧಿವಂತಿಕೆ ಏನೂ ಇಲ್ಲ.

ಪತ್ರ ಬಹಿರಂಗವಾದ್ದರಿಂದ ಓದುಗರಿಗೂ ಒಂದು ವಿನಂತಿ. ಬೆಂಗಳೂರಿನ ಐದು ಪಾಲಿಕೆಗಳಿಗೆ ಮತ ಕೇಳಿಕೊಂಡು ಯಾರೇ ಮನೆ ಬಾಗಿಲಿಗೆ ಬರಲಿ, ಪಕ್ಷ ಯಾವುದೇ ಇರಲಿ, ಎರಡೇ ಪ್ರಶ್ನೆ ಕೇಳಿ: ನಮ್ಮ ವಾರ್ಡಿಗೆ ಎಷ್ಟು ಬಸ್ಸು ಹೆಚ್ಚಿಸುತ್ತೀರಿ, ಅದಕ್ಕೆ ದುಡ್ಡು ಯಾವ ಲೆಕ್ಕದಿಂದ ತರುತ್ತೀರಿ? ಉತ್ತರವನ್ನು ಬರೆದಿಟ್ಟುಕೊಳ್ಳಿ.