ಕೊಳ್ಳೇಗಾಲದ ಸಿಸ್ಟಂ ಅಣ್ಣ

ಕೊಳ್ಳೇಗಾಲ ಎಂದೊಡನೆ ನಾಡಿನ ಮುಕ್ಕಾಲು ಪಾಲು ಜನರಿಗೆ ಮೊದಲು ನೆನಪಾಗುವುದು ಮಾಟಮಂತ್ರ, ರೇಷ್ಮೆ ಸೀರೆ ಆಮೇಲೆ. ಎಲ್ಲಿಯದೋ ದೂರದೂರಿನ ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ ಚೀಟಿಯಲ್ಲೂ ‘ಕೊಳ್ಳೇಗಾಲದ ಪ್ರಖ್ಯಾತ ಮಾಂತ್ರಿಕರು’ ಇರುತ್ತಾರೆ. ಅವರಲ್ಲಿ ಎಷ್ಟು ಮಂದಿ ಕೊಳ್ಳೇಗಾಲವನ್ನು ಕಣ್ಣಾರೆ ಕಂಡಿದ್ದಾರೋ ಮಾದಪ್ಪನೇ ಬಲ್ಲ. ಆದರೆ ಈ ಊರಿನಲ್ಲಿ ದಿನ ಬೆಳಗಾದರೆ ಜನ ನಿಜವಾಗಿಯೂ ಫೋನ್ ಮಾಡಿ ಕರೆಸಿಕೊಳ್ಳುವ, ಬಂದೊಡನೆ ನಾಲ್ಕು ಜನ ಕುರ್ಚಿ ಬಿಟ್ಟೇಳುವ, ಕಣ್ಣಿಗೆ ಕಾಣದ ಕಾಟ ಬಿಡಿಸಿ ಮುನ್ನೂರು ರೂಪಾಯಿ ಎಣಿಸಿಕೊಂಡು ಹೋಗುವ ಇನ್ನೊಬ್ಬನಿದ್ದಾನೆ. ಅವನ ಕೈಯಲ್ಲಿ ನಿಂಬೆಹಣ್ಣಿನ ಬದಲು ಸ್ಕ್ರೂಡ್ರೈವರ್ ಇರುತ್ತದೆ. ಕಂಪ್ಯೂಟರಿಗೆ ಇಲ್ಲಿ ಸಿಸ್ಟಂ ಎನ್ನುವುದು ವಾಡಿಕೆಯಾದ್ದರಿಂದ ಅವನು ಸಿಸ್ಟಂ ಅಣ್ಣ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆ ಅವನನ್ನು ಜನ ನೋಡುವ ರೀತಿ ಒಂದೇ: ಇವನೂ ಒಂದು ಬಗೆಯ ಮಂತ್ರವಾದಿಯೇ, ಕೈಗುಣ ಒಳ್ಳೆಯದು, ಮಿಕ್ಕಿದ್ದು ನಮಗೆ ತಿಳಿಯದ ವಿದ್ಯೆ. ಈ ನೋಟ ತಪ್ಪು ಎನ್ನುವುದೇ ನನ್ನ ತಕರಾರು. ಮಂತ್ರದಂತೆ ಕಾಣುವ ಅವನ ಕ್ರಿಯೆಗಳಿಗೆಲ್ಲ ಕಾರಣವಿದೆ. ಆ ಕಾರಣಗಳು ಅವನಿಗೇ ಪೂರ್ತಿ ಗೊತ್ತಿಲ್ಲ ಎಂಬುದು ಬೇರೆ ಮಾತು.

ಮೊದಲು ಆಸಾಮಿಯನ್ನು ನೋಡೋಣ. ಹೆಗಲಿಗೆ ಯಾವುದೋ ಲ್ಯಾಪ್‌ಟಾಪಿನ ಜೊತೆ ಪುಕ್ಕಟೆ ಬಂದ ಬ್ಯಾಗು. ಅದರೊಳಗೆ ಸ್ಟಾರ್ ಸ್ಕ್ರೂಡ್ರೈವರ್, ಗೋಡೆಗೆ ಬಣ್ಣ ಬಳಿಯುವ ಎರಡಂಗುಲದ ಬ್ರಷ್ಷು, ಶಾಲೆ ಮಕ್ಕಳ ಪೆನ್ಸಿಲ್ ರಬ್ಬರು, ಬಿಚ್ಚಿ ತಂದ, ಯಂತ್ರಕ್ಕೆ ಕರೆಂಟು ಹದಮಾಡಿ ಕೊಡುವ ಹಳೆಯ ಎಸ್‌ಎಂಪಿಎಸ್ ಒಂದು, ಬೀಗದ ಕೈ ಗೊಂಚಲಿನಂತೆ ಕಟ್ಟಿದ ಪೆನ್‌ಡ್ರೈವುಗಳು, ಸೆಲ್ಲು ಸತ್ತ ಒಂದು ಮಲ್ಟಿಮೀಟರು. ಸುತ್ತುವ ಸೀಮೆ ಎಂದರೆ ಕೊಳ್ಳೇಗಾಲದ ಜೆರಾಕ್ಸ್ ಅಂಗಡಿಗಳು, ಯಳಂದೂರಿನ ಡಿಟಿಪಿ ಸೆಂಟರು, ಹನೂರಿನಿಂದ ಮಾದಪ್ಪನ ಬೆಟ್ಟದ ದಾರಿಯುದ್ದಕ್ಕೂ ಇರುವ ಗ್ರಾಮ ಒನ್ ಕೇಂದ್ರಗಳು, ಸೊಸೈಟಿಗಳು, ವರ್ಷಕ್ಕೊಮ್ಮೆ ಬೀಗ ತೆಗೆಯುವ ಶಾಲಾ ಕಂಪ್ಯೂಟರ್ ಕೊಠಡಿಗಳು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಿಂದ ತಾಲ್ಲೂಕು ಕಚೇರಿಗೆ ಕಂಪ್ಯೂಟರು ಬಂದು ಕೈಬರಹದ ಪಹಣಿ ನಿಂತ ಮೇಲೆ ರೈತನ ಜಮೀನೂ ಒಂದು ಪೆಟ್ಟಿಗೆಯೊಳಗೆ ಹೋಯಿತು. 2023ರ ಜುಲೈನಲ್ಲಿ ಗೃಹಲಕ್ಷ್ಮಿ ನೋಂದಣಿ ಶುರುವಾದಾಗ ಗ್ರಾಮ ಒನ್ ಪೆಟ್ಟಿಗೆಗಳ ಮುಂದೆ ಹೆಂಗಸರ ಸಾಲು ರಸ್ತೆಗೆ ಬಂತು. ಅಂಥ ಹೊತ್ತಿನಲ್ಲಿ ಸಿಸ್ಟಂ ನಿಂತರೆ ಅಣ್ಣನಿಗೆ ಸಿಗುವ ಮರ್ಯಾದೆ ತಹಶೀಲ್ದಾರರಿಗೂ ಇಲ್ಲ. ಬಂದವನು ಕೇಳುವ ಮೊದಲ ಪ್ರಶ್ನೆ, “ಏನ್ ಮಾಡುದ್ರಿ?” ಎಲ್ಲ ಕಡೆಯೂ ಒಂದೇ ಉತ್ತರ, “ಏನೂ ಮಾಡಿಲ್ಲ ಕಣಣ್ಣ, ಅದ್ಕದೇ ನಿಂತೋಯ್ತು.” ಏನೂ ಮಾಡದೆ ಕೆಟ್ಟ ಯಂತ್ರಗಳ ಸಂಖ್ಯೆ ಈ ಮೂರು ತಾಲ್ಲೂಕಿನಲ್ಲಿರುವಷ್ಟು ಬೇರೆಲ್ಲೂ ಇರಲಾರದು.

ಅವನ ಮೊದಲ ಕ್ರಿಯೆ ರ‍್ಯಾಮ್ ಪೂಜೆ. ಪೆಟ್ಟಿಗೆಯ ಪಕ್ಕದ ಹಲಗೆ ಬಿಚ್ಚಿ, ಒಳಗಿನ ಧೂಳಿಗೆ ಒಮ್ಮೆ ಉಫ್ ಎಂದು ಊದಿ, ರ‍್ಯಾಮ್ ಎಂಬ ಹಸಿರು ಪಟ್ಟಿಯನ್ನು ಕಿತ್ತು, ಅದರ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಟಕ್ಕೆಂದು ಕೂರಿಸುತ್ತಾನೆ. ಬೀಪ್ ಬೀಪ್ ಎಂದು ಗೋಳಿಡುತ್ತಿದ್ದ ಪೆಟ್ಟಿಗೆ ಸುಮ್ಮನಾಗುತ್ತದೆ. ನೋಡುವವರಿಗೆ ಇದು ಬೇವಿನ ಸೊಪ್ಪಿನಲ್ಲಿ ಇಳಿ ತೆಗೆದಂತೆಯೇ. ಆದರೆ ಆ ಹಲ್ಲುಗಳ ಮೇಲೆ ಧೂಳು ಮತ್ತು ತೇವ ಸೇರಿ ತೆಳುವಾದ ಪೊರೆ ಕಟ್ಟುತ್ತದೆ, ಯಂತ್ರ ಬಿಸಿಯಾಗಿ ಆರುವಾಗಲೆಲ್ಲ ಲೋಹ ಹಿಗ್ಗಿ ಕುಗ್ಗಿ ಪಟ್ಟಿ ಕೂದಲೆಳೆಯಷ್ಟು ಸಡಿಲವಾಗುತ್ತದೆ. ಉಜ್ಜಿದರೆ ಪೊರೆ ಹೋಯಿತು, ಕೂರಿಸಿದರೆ ಸಡಿಲ ಹೋಯಿತು. 1980ರಲ್ಲಿ ಬಂದ ಆಪಲ್ III ಯಂತ್ರಕ್ಕೆ ಇದೇ ರೋಗವಿತ್ತು. ಆಗ ಕಂಪನಿಯ ಕಡೆಯಿಂದಲೇ ಬಂದ ಸಲಹೆ ಏನೆಂದರೆ, ಯಂತ್ರವನ್ನು ಒಂದೆರಡು ಅಂಗುಲ ಮೇಲೆತ್ತಿ ಮೇಜಿನ ಮೇಲೆ ಧೊಪ್ಪೆಂದು ಬಿಡಿ ಎಂದು. ಟಿವಿಯ ತಲೆಗೆ ಬಾರಿಸಿ ಚಿತ್ರ ಬರಿಸುತ್ತಿದ್ದ ನಮ್ಮ ಹಿರಿಯರು ಕ್ಯಾಲಿಫೋರ್ನಿಯಾಕ್ಕಿಂತ ಹಿಂದೇನೂ ಇರಲಿಲ್ಲ.

ಈ ವಿದ್ಯೆಯ ವಂಶವೃಕ್ಷ ಹುಡುಕಿದರೆ ಸಿಗುವುದು ಯೂನಿಕ್ಸ್ ಕಾಲದ ಇಂಜಿನಿಯರುಗಳು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಕಟ್ಟತೊಡಗಿದರು. 1982ರಲ್ಲಿ ಹುಟ್ಟಿದ ಸನ್ ಕಂಪನಿ ಅದನ್ನು ಮೇಜಿನ ಮೇಲಿಡುವ ವರ್ಕ್‌ಸ್ಟೇಷನ್ನಿಗೆ ತಂದಿತು. ನಮ್ಮಲ್ಲಿ 1986ರಲ್ಲಿ ಶುರುವಾದ, ಸಂಶೋಧನಾ ಸಂಸ್ಥೆಗಳ ಅರ್ನೆಟ್ ಜಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು ಕೇಂದ್ರ. ರಂಗರಾಜನ್ ಸಮಿತಿ 1984ರಲ್ಲಿ ಬ್ಯಾಂಕುಗಳಿಗೆ ಯಂತ್ರ ತರಿಸಿ ಎಂದ ಮೇಲೆ, ತೊಂಬತ್ತರ ದಶಕಕ್ಕೆ ಹಲವು ಬ್ಯಾಂಕ್ ಶಾಖೆಗಳ ಲೆಡ್ಜರೂ ಯೂನಿಕ್ಸ್ ಮೇಲೆ ಕೂತಿತು. ಓದಿದವರು, ಇಂಗ್ಲಿಷ್ ಬಲ್ಲವರು, ಹೆಬ್ಬೊತ್ತಿಗೆಯ ಗಾತ್ರದ ಕೈಪಿಡಿ ಕಂಕುಳಲ್ಲಿಟ್ಟುಕೊಂಡವರು ಅದನ್ನು ನೋಡಿಕೊಳ್ಳುತ್ತಿದ್ದವರು. ಅವರ ನಡವಳಿಕೆ ಹೇಗಿತ್ತು? ಯಂತ್ರ ಆರಿಸುವ ಮುನ್ನ ‘ಸಿಂಕ್’ ಎಂದು ಮೂರು ಸಲ ಟೈಪ್ ಮಾಡಬೇಕು, ಎರಡಲ್ಲ, ನಾಲ್ಕಲ್ಲ, ಮೂರು, ಎಂದು ಗುರುವಿನಿಂದ ಶಿಷ್ಯನಿಗೆ ಉಪದೇಶವಾಗುತ್ತಿತ್ತು. ಯೂನಿಕ್ಸು ಬರೆಯಬೇಕಾದದ್ದನ್ನು ಒಡನೆ ಡಿಸ್ಕಿಗೆ ಬರೆಯದೆ ನೆನಪಿನಲ್ಲಿ ಹಿಡಿದುಕೊಂಡಿರುತ್ತದೆ. ಸಿಂಕ್ ಎಂದರೆ ಬರೆಯಲು ಹೊರಡಿಸುತ್ತದೆ, ಆದರೆ ಬರೆದು ಮುಗಿಯುವವರೆಗೆ ಕಾಯುವುದಿಲ್ಲ. ಮೂರು ಸಲ ಬೆರಳಾಡಿಸುವಷ್ಟರಲ್ಲಿ ಡಿಸ್ಕಿನ ಕೆಲಸ ಮುಗಿದಿರುತ್ತಿತ್ತು. ಪುಣ್ಯ ಇದ್ದದ್ದು ಮೂರರ ಸಂಖ್ಯೆಯಲ್ಲಲ್ಲ, ಹಿಡಿದ ಹೊತ್ತಿನಲ್ಲಿ. ಇನ್ನು ಡಿಸ್ಕುಗಳನ್ನು ಒಂದರ ಬಾಲಕ್ಕೆ ಒಂದು ಜೋಡಿಸುವ ಸ್ಕಸಿ ಸರಪಳಿಯ ಕಥೆ ಕೇಳಲೇಬೇಡಿ. ಸರಪಳಿಯ ಎರಡೂ ತುದಿಗೆ ಟರ್ಮಿನೇಟರ್ ಎಂಬ ಬಿರಡೆ ಹಾಕದಿದ್ದರೆ ಸಂಕೇತ ತುದಿಗೆ ಬಡಿದು ವಾಪಸು ಬಂದು ಎಲ್ಲ ಕಲಸಿಹೋಗುತ್ತಿತ್ತು. ಎಲ್ಲ ಸರಿಯಿದ್ದೂ ಕೆಲವೊಮ್ಮೆ ಕೈಕೊಡುತ್ತಿತ್ತು. ಈ ಸರಪಳಿಗೆ ಆಗಾಗ ಒಂದು ಮೇಕೆಮರಿ ಬಲಿ ಕೊಡಬೇಕು ಎಂಬ ತಮಾಷೆ ಆ ಇಂಜಿನಿಯರುಗಳಲ್ಲಿ ಮನೆಮಾತು. ಅಮೆರಿಕದ ಪದವೀಧರರು ಮೇಕೆಮರಿಯ ಮಾತಾಡಿದರೆ ವಿನೋದ, ಕೊಳ್ಳೇಗಾಲದ ಹುಡುಗ ರಬ್ಬರು ಹಿಡಿದರೆ ಮಾಟ! ಇದ್ಯಾವ ನ್ಯಾಯ?

ಅವನ ವಿದ್ಯೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಬಟನ್ ಸೆಲ್ಲಿನ ಪ್ರಕರಣ. ಗ್ರಾಮ ಒನ್ ಕೇಂದ್ರದಲ್ಲಿ ಬೆಳಿಗ್ಗೆಯಿಂದ ಯಾವ ಸರ್ಕಾರಿ ವೆಬ್‌ಸೈಟೂ ತೆರೆಯುತ್ತಿಲ್ಲ. ಮುಂದೆ ಕೂತವರು ‘ಸರ್ವರ್ ಡೌನ್’ ಎಂದು ತೀರ್ಪು ಕೊಟ್ಟಾಗಿದೆ. ಸಾಲಿನಲ್ಲಿ ನಿಂತವರು ಬೆಂಗಳೂರನ್ನೂ ಸರ್ಕಾರವನ್ನೂ ಬೈದು ಮುಗಿಸಿದ್ದಾರೆ. ಅಣ್ಣ ಬಂದು ಪರದೆಯ ಬಲಮೂಲೆ ನೋಡುತ್ತಾನೆ. ಅಲ್ಲಿ ಇಸವಿ 2009. ಮದರ್‌ಬೋರ್ಡಿನ ಮೇಲಿನ ಮೂರು ವೋಲ್ಟಿನ ಸೆಲ್ಲು ಸತ್ತಿದೆ, ರಾತ್ರಿ ಕರೆಂಟು ಹೋದಾಗ ಗಡಿಯಾರ ಹುಟ್ಟಿದ ದಿನಕ್ಕೆ ವಾಪಸು ಹೋಗಿದೆ. ವೆಬ್‌ಸೈಟು ತನ್ನ ಗುರುತಿಗೆ ತೋರಿಸುವ ಪ್ರಮಾಣಪತ್ರ ಶುರುವಾಗುವುದೇ ಈಚಿನ ತಾರೀಖಿನಿಂದ. ಇನ್ನೂ 2009ರಲ್ಲೇ ಇರುವ ಯಂತ್ರಕ್ಕೆ ಅದು ಸುಳ್ಳುಪತ್ರ. ಸೆಲ್ಲು ಬದಲಾಗುತ್ತದೆ, ತಾರೀಖು ಸರಿಯಾಗುತ್ತದೆ, ಬೆಂಗಳೂರಿನ ಸರ್ವರ್ ತಕ್ಷಣ ಎದ್ದು ಕೂರುತ್ತದೆ. ಸನ್ ವರ್ಕ್‌ಸ್ಟೇಷನ್ನುಗಳಿಗೆ ಇದೇ ಕಾಯಿಲೆ ಇನ್ನೂ ಉಗ್ರವಾಗಿ ಬರುತ್ತಿತ್ತು. ಅವುಗಳ ಸೆಲ್ಲು ಚಿಪ್ಪಿನೊಳಗೇ ಪ್ಲಾಸ್ಟಿಕ್ಕಿನಲ್ಲಿ ಹೂತಿದ್ದು, ಹತ್ತು ವರ್ಷ ಕಳೆದು ಸತ್ತರೆ ಯಂತ್ರ ಹೊತ್ತಿನ ಜೊತೆಗೆ ತನ್ನ ಗುರುತಿನ ಸಂಖ್ಯೆಯನ್ನೂ ಜಾಲದ ವಿಳಾಸವನ್ನೂ ಮರೆತು ಕೂರುತ್ತಿತ್ತು. ಆ ಗುರುತಿಗೆ ಕಟ್ಟಿಹಾಕಿದ ದುಬಾರಿ ತಂತ್ರಾಂಶ ‘ನೀನು ಯಾರೋ ನನಗೆ ಗೊತ್ತಿಲ್ಲ’ ಎನ್ನುತ್ತಿತ್ತು. ಕೈಚಳಕ ಬಲ್ಲವರು ಚಿಪ್ಪಿನ ನೆತ್ತಿಯನ್ನು ಗರಗಸದಿಂದ ಕುಯ್ದು ಹೊರಗಿನಿಂದ ಬಟನ್ ಸೆಲ್ಲು ಬೆಸೆದರು. ಈ ಉಪಾಯ ನಮ್ಮ ಅಣ್ಣನ ಕಿವಿಗೆ ಬಿದ್ದರೆ ಗರಗಸ ಕೇಳಲು ಪಕ್ಕದ ಬಡಗಿಯ ಅಂಗಡಿಗೆ ಓಡುತ್ತಿದ್ದ. ಅಂದಹಾಗೆ, ಯೂನಿಕ್ಸಿನ ಕಾಲಗಣನೆ ಶುರುವಾಗುವುದು 1970ರ ಜನವರಿ 1ರಿಂದ, ನಮ್ಮ ಗಡಿಯಾರದಲ್ಲಿ ಬೆಳಗಿನ ಐದೂವರೆಯಿಂದ. ದಾರಿತಪ್ಪಿ ಅಲ್ಲಿಗೆ ಹೋದ ಯಂತ್ರದ ಪಾಲಿಗೆ ಕೊಳ್ಳೇಗಾಲ ಇನ್ನೂ ಮೈಸೂರು ರಾಜ್ಯದಲ್ಲಿದೆ. ಕರ್ನಾಟಕ ಎಂಬ ಹೆಸರಿಗೆ ಅದು 1973ರ ನವೆಂಬರ್‌ವರೆಗೆ ಕಾಯಬೇಕು.

ಇಷ್ಟು ಹೊಗಳಿದ ಮೇಲೆ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಏನೇ ಕೆಟ್ಟರೂ ಇವನು “ವೋಲ್ಟೇಜ್ ಕಣ್ಸಾ” ಎಂದು ಕೈತೊಳೆದುಕೊಳ್ಳುತ್ತಾನೆ ಎಂಬುದು. ಇದು ನೆಪವೆಂದು ನಗುವವರು ನಮ್ಮ ಊರಿನ ವಿಚಿತ್ರವನ್ನು ಮರೆತಿದ್ದಾರೆ. ಕೊಳ್ಳೇಗಾಲದ ಮಗ್ಗುಲಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯಿಂದ ವಿದ್ಯುತ್ ತೆಗೆದರು, ಅದು ಮೊದಲು ಹರಿದದ್ದು ದೂರದ ಕೋಲಾರದ ಚಿನ್ನದ ಗಣಿಗೆ. ಹೊಳೆ ಇಲ್ಲಿ, ಬೆಳಕು ಅಲ್ಲಿ. ಇವತ್ತಿಗೂ ಪಂಪ್‌ಸೆಟ್ಟುಗಳು ಒಟ್ಟಿಗೆ ಶುರುವಾದಾಗ ಬಲ್ಬು ಕೆಂಪಗಾಗುವುದನ್ನೂ, ಅವು ನಿಂತಾಗ ಕಣ್ಣು ಕುಕ್ಕುವುದನ್ನೂ ಹಳ್ಳಿಯವರು ಬಲ್ಲರು. ಅರ್ಥಿಂಗ್ ಇಲ್ಲದ ಸಾಕೆಟ್ಟು, ಬ್ಯಾಟರಿ ಸತ್ತು ಬರೀ ಕಿರುಚುವ ಯುಪಿಎಸ್ಸು ಸೇರಿದರೆ ಎಸ್‌ಎಂಪಿಎಸ್ಸಿನ ಕೆಪಾಸಿಟರು ಉಬ್ಬಿಕೊಳ್ಳುವುದು ಸಹಜ. ವೋಲ್ಟೇಜನ್ನು ದೂರುವುದರಲ್ಲಿ ಅವನು ಸರಿ. ತಪ್ಪಿರುವುದು ಸೆಲ್ಲು ಸತ್ತ ಮಲ್ಟಿಮೀಟರು ಇಟ್ಟುಕೊಂಡು, ಅಳೆಯದೆ ದೂರುವುದರಲ್ಲಿ.

ಎರಡನೆಯ ಆಕ್ಷೇಪ ಫಾರ್ಮ್ಯಾಟ್. ಇದರಲ್ಲಿ ಅವನ ಪರ ವಾದಿಸಲು ನನ್ನಿಂದಾಗದು. ಅರ್ಧ ಗಂಟೆಯಲ್ಲಿ ರೋಗ ಸಿಗದಿದ್ದರೆ “ಒಂದ್ಸಲ ಫಾರ್ಮ್ಯಾಟ್ ಹೊಡ್ದ್‌ಬುಡ್ಮ” ಎನ್ನುತ್ತಾನೆ. ಸಿ ಡ್ರೈವ್ ಗುಡಿಸಿ, ಎಲ್ಲಿಂದ ಬಂತೆಂದು ಕೇಳಬಾರದ ಒಂದು ವಿಂಡೋಸ್ ತುಂಬುತ್ತಾನೆ. ರೋಗ ಹೋಗುತ್ತದೆ, ರೋಗಿಯೂ ಹೋಗಿರುತ್ತಾನೆ. ಡಿಟಿಪಿ ಅಂಗಡಿಯವನು ಹತ್ತು ವರ್ಷದ ಲಗ್ನಪತ್ರಿಕೆಗಳನ್ನು ಡೆಸ್ಕ್‌ಟಾಪಿನ ಮೇಲೇ ಇಟ್ಟಿದ್ದ. ಪೆನ್‌ಡ್ರೈವಿನಲ್ಲಿ ಉಳಿದ ಒಂದೆರಡನ್ನು ತೆರೆದರೆ, ನುಡಿ ಫಾಂಟು ಹೋಗಿರುವುದರಿಂದ ‘ಚಿರಂಜೀವಿ’ ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರಗಳ ಕಿತ್ತಾಟ. ಯೂನಿಕ್ಸಿನವರ ಪದ್ಧತಿ ಇಲ್ಲಿ ಬೇರೆಯಿತ್ತು. ಕಡತಗಳ ಲೆಕ್ಕ ತಪ್ಪಿದರೆ ‘ಎಫ್‌ಎಸ್‌ಸಿಕೆ’ ಎಂಬ ಆಜ್ಞೆ ಡಿಸ್ಕನ್ನು ಜಾಲಾಡಿ, ದಿಕ್ಕಿಲ್ಲದ ತುಂಡುಗಳನ್ನೂ ಎಸೆಯದೆ ‘ಕಳೆದದ್ದು ಸಿಕ್ಕಿದ್ದು’ ಎಂಬರ್ಥದ ಹೆಸರಿನ ಕಪಾಟಿನಲ್ಲಿ ಇಟ್ಟುಕೊಡುತ್ತಿತ್ತು. ಆ ತಾಳ್ಮೆ ನಮ್ಮ ಅಣ್ಣನಿಗಿಲ್ಲ. ಅವನ ಕಡೆಯಿಂದ ಹೇಳಬಹುದಾದ ಒಂದೇ ಮಾತೆಂದರೆ, ಮುನ್ನೂರು ರೂಪಾಯಿಗೆ ಮೂರು ದಿನದ ತಾಳ್ಮೆಯನ್ನು ಯಾರೂ ಕೊಂಡಿಲ್ಲ, ಅರ್ಧ ಗಂಟೆಯದನ್ನಷ್ಟೇ ಕೊಂಡಿದ್ದಾರೆ.

ಮೂರನೆಯ ಆಕ್ಷೇಪ ಗಂಭೀರವಾದದ್ದು. ಇವನು ಅಂಗಡಿಯೊಳಗೆ ಕಾಲಿಟ್ಟೊಡನೆ ಸಿಸ್ಟಂ ತಾನಾಗಿಯೇ ಸರಿಹೋಗುತ್ತದೆ, ಕಾರಣ ಕೇಳಿದರೆ ನಗುತ್ತಾನೆ, ಹಾಗಿದ್ದ ಮೇಲೆ ಮಂತ್ರವಾದಿಗೂ ಇವನಿಗೂ ಏನು ವ್ಯತ್ಯಾಸ? ವ್ಯತ್ಯಾಸ ಕಾಣಬೇಕಾದರೆ ಅವನು ಅನುಮಾನ ಬಂದಾಗ ಏನು ಮಾಡುತ್ತಾನೆಂದು ನೋಡಬೇಕು. ಅನುಮಾನದ ರ‍್ಯಾಮನ್ನು ಕಿತ್ತು ಚೆನ್ನಾಗಿರುವ ಪಕ್ಕದ ಸಿಸ್ಟಮ್ಮಿಗೆ ಹಾಕುತ್ತಾನೆ. ರೋಗ ಅಲ್ಲಿಗೂ ಹೋದರೆ ತಪ್ಪು ರ‍್ಯಾಮಿನದು, ಹೋಗದಿದ್ದರೆ ಬೋರ್ಡಿನದು. ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾನೆ. ಹಿಡಿದುಕೊಂಡ ದೆವ್ವವನ್ನು ಪಕ್ಕದ ಮನೆಯವನ ಮೈಮೇಲೆ ಹಾಯಿಸಿ, ತಪ್ಪು ದೆವ್ವದ್ದೋ ಮೈಯದೋ ಎಂದು ತಾಳೆನೋಡಿದ ಮಂತ್ರವಾದಿ ಈವರೆಗೆ ಹುಟ್ಟಿಲ್ಲ. ಅಲ್ಲದೆ ಈ ಬುದ್ಧಿ ಕೊಳ್ಳೇಗಾಲಕ್ಕೆ ಹೊಸದೂ ಅಲ್ಲ. ಜಕಾರ್ಡ್ ಮಗ್ಗದಲ್ಲಿ ಸೀರೆಯ ಸೆರಗು ನೇಯುವವನು ಹೂವು ಕೆಟ್ಟಾಗ ಮಾಡುವುದು ಇದನ್ನೇ: ತಪ್ಪು ಅಡ್ಡಲಾಗಿ ಒಂದೇ ಸಾಲಿನಲ್ಲಿ ಬಂದರೆ ತೂತು ಹೊಡೆದ ಕಾರ್ಡನ್ನು ನೋಡುತ್ತಾನೆ, ಉದ್ದಕ್ಕೂ ಗೆರೆಯಾಗಿ ಬಂದರೆ ಕೊಕ್ಕೆಯನ್ನೋ ಎಳೆಯನ್ನೋ ನೋಡುತ್ತಾನೆ. ನೇಕಾರನನ್ನು ಯಾರೂ ಮಾಂತ್ರಿಕ ಎನ್ನಲಿಲ್ಲ. ಮಂತ್ರವಾದಿ ಸೋತರೆ ನಿಮ್ಮ ಭಕ್ತಿ ಸಾಲದು ಎನ್ನುತ್ತಾನೆ. ಅಣ್ಣ ಸೋತರೆ ಸಿಸ್ಟಂ ಆನ್ ಆಗುವುದಿಲ್ಲ, ಅದು ಸಾಲಿನಲ್ಲಿ ನಿಂತ ನಲವತ್ತು ಹೆಂಗಸರಿಗೂ ಕಾಣುತ್ತದೆ. ಕಾಲಿಟ್ಟೊಡನೆ ಸರಿಹೋಗುವುದಕ್ಕೂ ಕಾರಣ ಇಲ್ಲದಿಲ್ಲ. ಅವನು ಬರುವ ಹೊತ್ತಿಗೆ ಮಾಲೀಕ ಗಾಬರಿಯಿಂದ ಎಲ್ಲ ವೈರನ್ನೂ ಒಮ್ಮೆ ಅದುಮಿರುತ್ತಾನೆ, ಬಿಸಿಯಾದ ಯಂತ್ರ ಅರ್ಧ ಗಂಟೆ ಆರಿರುತ್ತದೆ.

ಅವನಲ್ಲಿ ನಿಜವಾದ ಕೊರತೆ ಒಂದೇ, ಅವನು ಓದುವುದಿಲ್ಲ. ಹಳೆಯ ಯೂನಿಕ್ಸ್ ಯಂತ್ರ ಸಾಯುವಾಗ ಪರದೆಯ ಮೇಲೆ ‘ಪ್ಯಾನಿಕ್’ ಎಂದು ಬರೆದು, ಯಾಕೆ ಸಾಯುತ್ತಿದ್ದೇನೆ ಎಂದು ಒಂದು ಸಾಲಿನಲ್ಲಿ ಹೇಳಿ ಪ್ರಾಣ ಬಿಡುತ್ತಿತ್ತು. ಬಲ್ಲವರು ಆ ಸಾಲನ್ನು ಮೊದಲು ನೋಟ್‌ಬುಕ್ಕಿಗೆ ಇಳಿಸಿ ಆಮೇಲೆ ಸ್ಕ್ರೂಡ್ರೈವರ್ ಮುಟ್ಟುತ್ತಿದ್ದರು. ಇವತ್ತಿನ ನೀಲಿ ಪರದೆಯಲ್ಲೂ ಕಾರಣದ ಸಾಲು ಇದ್ದೇ ಇರುತ್ತದೆ, ಆದರೆ ಅಣ್ಣನ ಹೆಬ್ಬೆರಳು ಅದಕ್ಕೂ ಮೊದಲೇ ಪವರ್ ಬಟನ್ ಮೇಲಿರುತ್ತದೆ. ಇದರಲ್ಲಿ ಕರೆಸಿದವರ ಪಾಲೂ ಇದೆ. ಹಾಗಾಗಿ ಕೊಳ್ಳೇಗಾಲ, ಹನೂರು, ಯಳಂದೂರಿನ ಅಂಗಡಿ ಮಾಲೀಕರಲ್ಲಿ ಕೇಳಿಕೊಳ್ಳುವುದು ಇಷ್ಟು: ಸಿಸ್ಟಂ ನಿಂತಾಗ ಆಫ್ ಮಾಡುವ ಮುನ್ನ ಪರದೆಯ ಮೇಲಿನ ಇಂಗ್ಲಿಷ್ ಸಾಲನ್ನು ಮೊಬೈಲಿನಲ್ಲಿ ಫೋಟೋ ಹೊಡೆದಿಟ್ಟುಕೊಳ್ಳಿ. ಲಗ್ನಪತ್ರಿಕೆಗಳನ್ನು ಇನ್ನೊಂದು ಡಿಸ್ಕಿನಲ್ಲಿ ನಕಲು ಮಾಡಿಡಿ. ಅಣ್ಣ ಬಂದು “ಏನ್ ಮಾಡುದ್ರಿ?” ಎಂದಾಗ ಮಾಡಿದ್ದನ್ನು ಹೇಳಿಬಿಡಿ. ಸೆಲ್ಲು ಬದಲಿಸಿ ಐದೇ ನಿಮಿಷದಲ್ಲಿ ಎದ್ದುಹೋದ ಎಂದು ಅವನ ಮುನ್ನೂರಿನಲ್ಲಿ ನೂರು ಮುರಿದುಕೊಳ್ಳಬೇಡಿ.