ಗೋಧಿ ಒಗ್ಗದ ಹೊಟ್ಟೆ: ಬಳಕೆದಾರರ ಕೈಪಿಡಿ

ಈ ಕೈಪಿಡಿಯನ್ನು ಓದಿ ಮುಗಿಸುವವರೆಗೆ ಗೋಧಿ ಬಿಡಬೇಡಿ. ಆಗಲೇ ಬಿಟ್ಟಾಗಿದೆ ಎಂಬುದು ನಮಗೆ ಗೊತ್ತು. ವಾಟ್ಸ್ಆ್ಯಪ್‌ನಲ್ಲಿ ಬಂದ ವಿಡಿಯೊ ನೋಡಿ ಹಿಟ್ಟಿನ ಡಬ್ಬವನ್ನು ಪಕ್ಕದ ಮನೆಗೆ ದಾಟಿಸಿದ್ದೀರಿ. ಹೋಗಿ ವಾಪಸ್ ತನ್ನಿ.

ಮಾದರಿಗಳು: ಗ್ಲುಟೆನ್ ಎಂದರೆ ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಪ್ರೋಟೀನು. ಗೋಧಿಗೆ ಮುನಿಯುವ ಹೊಟ್ಟೆ ಮೂರು ಮಾದರಿಯಲ್ಲಿ ಲಭ್ಯ. ಸೀಲಿಯಾಕ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣಕರುಳಿನ ಮೇಲೆ ತಿರುಗಿ ಬೀಳುತ್ತದೆ. ಗೋಧಿ ಅಲರ್ಜಿಯಾದರೆ ತಿಂದ ಸ್ವಲ್ಪ ಹೊತ್ತಿಗೇ ದದ್ದು, ಉಬ್ಬಸ. ಇವೆರಡೂ ಅಲ್ಲವೆಂದು ಖಚಿತವಾದ ಮೇಲೂ ಗೋಧಿ ತಿಂದಾಗಲೆಲ್ಲ ಹೊಟ್ಟೆ ಉಬ್ಬರಿಸಿದರೆ ಅದು ಬರಿಯ ಗ್ಲುಟೆನ್ ಸೂಕ್ಷ್ಮತೆ. ಈ ಮೂರನೆಯದಕ್ಕೆ ಪರೀಕ್ಷೆಯೇ ಇಲ್ಲ. ನೂರಾರು ಆಹಾರಗಳ ಹೆಸರು ಹೇಳಿ ಮಾರುವ ದುಬಾರಿ ಪ್ಯಾಕೇಜಿನಲ್ಲೂ ಇಲ್ಲ.

ದೋಷ ಪತ್ತೆ: ಮದುವೆ ಊಟದ ಮಾರನೆಯ ದಿನದ ಹೊಟ್ಟೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ಮೂರನೇ ಹೋಳಿಗೆಯ ಕೆಲಸ. ವಾರಗಟ್ಟಲೆ ನಿಲ್ಲದ ಭೇದಿ, ಇಳಿಯುವ ತೂಕ, ಕಬ್ಬಿಣದ ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್, ಪದೇ ಪದೇ ಬಾಯಿಹುಣ್ಣು, ಓರಗೆಯವರ ಸಮಕ್ಕೆ ಬೆಳೆಯದ ಮಗು, ಇಂಥವು ಕಂಡರೆ ವೈದ್ಯರಲ್ಲಿಗೆ ನಡೆಯಿರಿ. 2016ರಲ್ಲಿ ಪ್ರಕಟವಾದ ವಯಸ್ಕರ ಸಮೀಕ್ಷೆಯೊಂದರಲ್ಲಿ ಸೀಲಿಯಾಕ್ ಸೂಚಿಸುವ ಪ್ರತಿಕಾಯಗಳು ರಕ್ತದಲ್ಲಿ ಕಂಡದ್ದು ಉತ್ತರ ಭಾರತದಲ್ಲಿ ಶೇ 1.23 ಮಂದಿಗೆ, ದಕ್ಷಿಣದಲ್ಲಿ ಶೇ 0.10 ಮಂದಿಗೆ. ಇಷ್ಟು ಅಪರೂಪವಾದ್ದರಿಂದ ನಮ್ಮ ಕಡೆ ಡಾಕ್ಟರಿಗೂ ಅದು ತಟ್ಟನೆ ಹೊಳೆಯದು. ನೀವೇ ಕೇಳಿ. "ಗೂಗಲ್ ನೋಡ್ಕೊಂಡು ಬಂದ್ರಾ?" ಎನ್ನಿಸಿಕೊಂಡರೆ ನಷ್ಟವೇನಿಲ್ಲ.

ಪರೀಕ್ಷೆ: ಚೀಟಿಯಲ್ಲಿ ಟಿಟಿಜಿ-ಐಜಿಎ ಎಂದಿರಬೇಕು, ಜೊತೆಗೆ ಒಟ್ಟು ಐಜಿಎ. ಕೆಲವರ ರಕ್ತದಲ್ಲಿ ಐಜಿಎ ಎಂಬ ಪ್ರತಿಕಾಯ ಹುಟ್ಟಿನಿಂದಲೇ ಕಡಿಮೆ; ಅಂಥವರಿಗೆ ಮೊದಲನೆಯದೊಂದನ್ನೇ ಮಾಡಿದರೆ ರೋಗವಿದ್ದರೂ ನಾರ್ಮಲ್ ಎಂದು ಬರುತ್ತದೆ. ಲ್ಯಾಬಿನ ಹುಡುಗ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಇಲ್ಲಾಗಲ್ಲ ಸರ್, ಬೆಂಗಳೂರಿಗೆ ಹೋಗ್ಬೇಕು" ಎನ್ನುತ್ತಾನೆ. ಗಾಬರಿಯಾಗಿ ಬಸ್ ಟಿಕೆಟ್ ಮಾಡಿಸಬೇಡಿ. ಹೋಗಬೇಕಾದ್ದು ನೀವಲ್ಲ, ನಿಮ್ಮ ರಕ್ತ.

ಹಿಟ್ಟಿನ ಡಬ್ಬ ವಾಪಸ್ ತರಿಸಿದ್ದು ಇದಕ್ಕೇ. ಗೋಧಿ ನಿಲ್ಲಿಸಿದರೆ ರಕ್ತದಲ್ಲಿನ ಪ್ರತಿಕಾಯಗಳು ಇಳಿಯುತ್ತವೆ, ಕರುಳು ಚೇತರಿಸಿಕೊಳ್ಳುತ್ತದೆ, ರಿಪೋರ್ಟು ನಿಮ್ಮನ್ನು ಆರೋಗ್ಯವಂತರೆಂದು ಸಾರುತ್ತದೆ. ಬಿಟ್ಟವರು ವೈದ್ಯರ ಸಲಹೆಯ ಮೇರೆಗೆ ಕನಿಷ್ಠ ಆರು ವಾರ ದಿನಕ್ಕೆರಡು ಹೊತ್ತಾದರೂ ಗೋಧಿ ತಿಂದು ರಕ್ತ ಕೊಡಬೇಕು. ಅಲರ್ಜಿ ಇದ್ದವರಿಗೆ ಈ ಸೂಚನೆ ಸಲ್ಲದು. ಅಂಕಿ ಏರಿದ್ದರೆ ಮುಂದೆ ಎಂಡೋಸ್ಕೋಪಿ, ಸಣ್ಣಕರುಳಿನ ಚೂರುಗಳ ಬಯಾಪ್ಸಿ. ಅಲ್ಲಿಯವರೆಗೂ ಚಪಾತಿ ನಡೆಯಲಿ.

ನಿರ್ವಹಣೆ: ಸೀಲಿಯಾಕ್ ಖಚಿತವಾದರೆ ಜೀವಮಾನವಿಡೀ ಪಥ್ಯ, ಮಾತ್ರೆ ಇಲ್ಲ. ರಾಗಿಮುದ್ದೆ, ಜೋಳದ ರೊಟ್ಟಿ, ಅಕ್ಕಿರೊಟ್ಟಿಯ ನಾಡಿನಲ್ಲಿ ಇದೇನು ಕಷ್ಟ ಎನ್ನಿಸುತ್ತದೆ, ದೊಡ್ಡಮ್ಮನ ಮನೆಗೆ ಹೋಗುವವರೆಗೆ. "ಚಪಾತಿ ಬಿಟ್ಟಿದೀಯಂತಲ್ಲೋ, ಅದಕ್ಕೇ ಉಪ್ಪಿಟ್ಟು ಮಾಡಿದೀನಿ."

"ದೊಡ್ಡಮ್ಮ, ರವೆಯೂ ಗೋಧಿನೇ."

"ಗೋಧಿ ಕೆಂಪಗಿರತ್ತೆ. ಇದು ಬೆಳ್ಳಗಿದೆ, ತಿನ್ನು."

ರವೆ ಇಡ್ಲಿ, ಕೇಸರಿಬಾತು, ಶಾವಿಗೆ, ಮದ್ದೂರು ವಡೆ, ಎಲ್ಲದರಲ್ಲೂ ಗೋಧಿಯೇ ವೇಷ ಬದಲಿಸಿ ಕೂತಿರುತ್ತದೆ. ಸಾರಿನ ಒಗ್ಗರಣೆಯೂ ನಂಬಿಕಸ್ಥವಲ್ಲ: ಇಂಗಿನ ಡಬ್ಬಿ ತಿರುಗಿಸಿ ಸಣ್ಣಕ್ಷರ ಓದಿ, ಎಷ್ಟೋ ಡಬ್ಬಿಗಳಲ್ಲಿ ಗೋಧಿಹಿಟ್ಟೋ ಮೈದಾವೋ ಬೆರೆತಿರುತ್ತದೆ. ಮಾಲ್ಟ್ ಪುಡಿಯ ಹಾಲು, ಬಿಯರು, ಗೋಬಿ ಮಂಚೂರಿ ಸಹ ಔಟ್. ಗಿರಣಿಯಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ರಾಗಿಯನ್ನೂ ಬೀಸಿದರೆ ರಾಗಿಯೂ ಕೆಟ್ಟಿತು. ಗ್ಲುಟೆನ್‌ರಹಿತ ಎಂಬ ಮುದ್ರೆಗೆ ನಮ್ಮ ಕಾನೂನು ಬಿಟ್ಟಿರುವ ಮಿತಿ ಕೆಜಿಗೆ 20 ಮಿಲಿಗ್ರಾಂ ಮಾತ್ರ.

ಖಾತರಿ: ನಿಮಗೆ ಸೀಲಿಯಾಕ್ ಇದ್ದರೆ ಹೆತ್ತವರು, ಒಡಹುಟ್ಟಿದವರು, ಮಕ್ಕಳಲ್ಲೂ ಇರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಲಕ್ಷಣವೇ ಕಾಣದೆಯೂ ಇರಬಹುದು. ಅವರ ರಕ್ತವನ್ನೂ ಬೆಂಗಳೂರಿಗೆ ಕಳಿಸಿ.